ರೀಲಿನ ಸುತ್ತುಕಾಗದ ಮತ್ತು ಉತ್ತರದ ಲಾರಿ: ವಿಂಡ್‌ಹುಕ್‌ನ ಮುದ್ರಣಾಲಯದಲ್ಲಿ ಕಲಿತದ್ದು

2013ರಿಂದ 2019ರವರೆಗೆ ನಾನು ನಮೀಬಿಯದ ರಾಜಧಾನಿ ವಿಂಡ್‌ಹುಕ್‌ನ ಒಂದು ಮುದ್ರಣಾಲಯದಲ್ಲಿ ರಾತ್ರಿ ಪಾಳಿಯ ಮೇಲ್ವಿಚಾರಕನಾಗಿದ್ದೆ. ಬೆಂಗಳೂರಿನಲ್ಲಿ ಮುದ್ರಣ ತಂತ್ರಜ್ಞಾನದ ಡಿಪ್ಲೊಮಾ ಮುಗಿಸಿ, ಮಂಗಳೂರಿನ ಪ್ರೆಸ್ಸೊಂದರಲ್ಲಿ ಹದಿನಾಲ್ಕು ವರ್ಷ, ರೀಲಿನಿಂದ ಬಿಚ್ಚಿಕೊಳ್ಳುವ ಕಾಗದದ ಮೇಲೆ ಮುದ್ರಿಸುವ ವೆಬ್ ಆಫ್‌ಸೆಟ್ ಯಂತ್ರದ ಮುಂದೆ ನಿಂತಿದ್ದ ನನಗೆ, ಅದೇ ಬಗೆಯ ಯಂತ್ರವಿರುವ ಇನ್ನೊಂದು ಊರಿನಲ್ಲಿ ಹೊಸದಾಗಿ ಕಲಿಯುವುದೇನೂ ಇರಲಾರದೆಂಬ ಧೈರ್ಯವಿತ್ತು. ಮೊದಲ ಆಗಸ್ಟ್ ತಿಂಗಳು ಆ ಧೈರ್ಯವನ್ನು ಪೂರ್ತಿ ಇಳಿಸಿತು. ನಡೆದದ್ದು ದೊಡ್ಡ ಅವಘಡವೇನಲ್ಲ. ಕಾಗದದ ರೀಲಿಗೆ ಹೊದಿಸಿರುವ ಸುತ್ತುಕಾಗದವನ್ನು ಯಾವಾಗ ಬಿಚ್ಚಬೇಕೆಂಬ ಸಣ್ಣ ವಿಷಯ. ಆದರೆ ಅದರ ಪರಿಣಾಮ ಏಳುನೂರು ಕಿಲೋಮೀಟರ್ ದೂರದ ಓದುಗರವರೆಗೆ ಹೋಗುತ್ತಿತ್ತು ಎಂಬುದನ್ನು ತಿಳಿಯಲು ನನಗೆ ಹೆಚ್ಚುಕಡಿಮೆ ಎರಡು ತಿಂಗಳು ಹಿಡಿಯಿತು.

ದೂರದ ಲೆಕ್ಕವನ್ನು ಮೊದಲು ಹೇಳಬೇಕು. ನಮೀಬಿಯದ ವಿಸ್ತೀರ್ಣ ಸುಮಾರು 8.25 ಲಕ್ಷ ಚದರ ಕಿಲೋಮೀಟರ್, ಎಂದರೆ ನಾಲ್ಕು ಕರ್ನಾಟಕಗಳನ್ನು ಹಾಸಿದರೂ ಇನ್ನಷ್ಟು ನೆಲ ಉಳಿಯುತ್ತದೆ. ಜನಸಂಖ್ಯೆಯಾದರೋ 2023ರ ಗಣತಿಯಲ್ಲಿ ಮೂವತ್ತು ಲಕ್ಷವನ್ನು ಆಗಷ್ಟೇ ದಾಟಿತ್ತು. ಇಷ್ಟು ಕಡಿಮೆ ಜನರಿರುವ ದೇಶದಲ್ಲಿ ಇಂಗ್ಲಿಷಿನಲ್ಲಿ ‘ದಿ ನಮೀಬಿಯನ್’, ‘ನಮೀಬಿಯನ್ ಸನ್’ ಮತ್ತು ಸರ್ಕಾರದ ಒಡೆತನದ ‘ನ್ಯೂ ಎರಾ’, ಆಫ್ರಿಕಾನ್ಸ್ ಭಾಷೆಯಲ್ಲಿ 1977ರಲ್ಲಿ ಆರಂಭವಾದ ‘ರಿಪಬ್ಲಿಕೈನ್’, ಜರ್ಮನ್ ಭಾಷೆಯಲ್ಲಿ ‘ಆಲ್ಗೆಮೈನೆ ತ್ಸೈಟುಂಗ್’ ಹೊರಬರುತ್ತವೆ. ಈ ಕೊನೆಯದು 1916ರಲ್ಲಿ, ಜರ್ಮನ್ ಆಳ್ವಿಕೆ ಮುಗಿದು ದಕ್ಷಿಣ ಆಫ್ರಿಕದ ಸೇನೆ ಊರಿಗೆ ಬಂದ ಮರುವರ್ಷ, ‘ಯುದ್ಧದೂತ’ ಎಂಬರ್ಥದ ಹೆಸರಿನಲ್ಲಿ ಹುಟ್ಟಿ, 1919ರಲ್ಲಿ ಈಗಿನ ಹೆಸರು ಪಡೆಯಿತು. ಆಳಿದವರು ಹೋಗಿ ನೂರು ವರ್ಷವಾದರೂ ಅವರ ಭಾಷೆಯ ದೈನಿಕ ಉಳಿದಿರುವುದನ್ನು ನೋಡಿ ನಾನು ಮೊದಲ ವಾರ ಬೆರಗಾಗಿದ್ದೆ. ನಿಯತಕಾಲಿಕಗಳ ಸಾಲು ತೆಳ್ಳಗಿದ್ದರೂ, 1989ರಿಂದ ಬರುತ್ತಿದ್ದ ‘ಸಿಸ್ಟರ್ ನಮೀಬಿಯ’ದಂಥ ಮಹಿಳಾ ಪತ್ರಿಕೆ ಅಲ್ಲಿತ್ತು.

ಇಂಥ ನಾಡಿನಲ್ಲಿ ಮುದ್ರಣಾಲಯದ ಗಡಿಯಾರವನ್ನು ನಡೆಸುವವರು ಸಂಪಾದಕರಲ್ಲ, ಲಾರಿಯ ಚಾಲಕರು. ಈ ಪತ್ರಿಕೆಗಳೆಲ್ಲ ಹುಟ್ಟುವುದು ವಿಂಡ್‌ಹುಕ್‌ನಲ್ಲಿ. ಜನರಲ್ಲಿ ಬಹಳ ದೊಡ್ಡ ಪಾಲು ಇರುವುದು ಅಂಗೋಲದ ಗಡಿಗೆ ಹತ್ತಿರವಾದ ಓಮುಸಾಟಿ, ಓಷಾನಾ, ಒಹಾಂಗ್ವೆನಾ, ಓಷಿಕೊಟೊ ಪ್ರಾಂತಗಳಲ್ಲಿ. ಉತ್ತರದ ಲಾರಿ ಒಕಹಾಂಡ್ಯ, ಓಚಿವರೊಂಗೊ, ಓಟಾವಿ, ಟ್ಸುಮೆಬ್ ದಾಟಿ, ಓಷಿವೆಲೊದಲ್ಲಿ ಪಶುರೋಗ ತಪಾಸಣೆಯ ಗೇಟು ಹಾದು, ಒಂಡಾಂಗ್ವ ಮತ್ತು ಓಷಕಾಟಿ ಮುಟ್ಟುವ ಹೊತ್ತಿಗೆ ಏಳುನೂರು ಕಿಲೋಮೀಟರ್ ಆಗಿರುತ್ತದೆ. ಈಶಾನ್ಯದ ತುದಿಯ ಕಟಿಮಾ ಮುಲಿಲೊ ಸಾವಿರದ ಇನ್ನೂರು ಕಿಲೋಮೀಟರಿಗೂ ದೂರ. ರಸ್ತೆ ಚೆನ್ನಾಗಿದೆ, ಆದರೆ ಕತ್ತಲಲ್ಲಿ ನಮ್ಮ ಕಡವೆಯಷ್ಟು ದೊಡ್ಡದಾದ ಕುಡು ಎಂಬ ಪ್ರಾಣಿ ದೀಪದ ಬೆಳಕಿಗೆ ಬೆದರಿ ರಸ್ತೆಗೆ ನೆಗೆಯುವುದರಿಂದ, ತಡವಾಗಿ ಹೊರಟ ಚಾಲಕನಿಗೆ ವೇಗ ಹೆಚ್ಚಿಸು ಎಂದು ಹೇಳುವ ಹಾಗಿಲ್ಲ. ಆದ್ದರಿಂದ ಯಂತ್ರ ಅರ್ಧ ಗಂಟೆ ನಿಂತರೆ ಆ ಅರ್ಧ ಗಂಟೆ ದಾರಿಯಲ್ಲಿ ಎಲ್ಲಿಯೂ ತುಂಬಿ ಬರುವುದಿಲ್ಲ. ಬೆಳಗಿನ ಬಸ್ಸು ಹತ್ತುವವರ ಕೈಗೆ ಸಿಗಬೇಕಾದ ಪ್ರತಿ ಅವರು ಹೋದ ಮೇಲೆ ಅಂಗಡಿಗೆ ಬರುತ್ತದೆ, ಮಾರಾಟವಾಗದೆ ವಾಪಸಾಗುತ್ತದೆ.

ಮಾರಾಟದ ಪ್ರತಿಗೆ ಅಲ್ಲಿ ಎಷ್ಟು ತೂಕವೆಂಬುದನ್ನು ‘ದಿ ನಮೀಬಿಯನ್’ ಪತ್ರಿಕೆಯ ಇತಿಹಾಸವೇ ಹೇಳುತ್ತದೆ. ಗ್ವೆನ್ ಲಿಸ್ಟರ್ ಅವರ ಸಂಪಾದಕತ್ವದಲ್ಲಿ 1985ರ ಆಗಸ್ಟ್‌ನಲ್ಲಿ, ದಕ್ಷಿಣ ಆಫ್ರಿಕದ ಆಡಳಿತವಿದ್ದಾಗಲೇ ವಾರಪತ್ರಿಕೆಯಾಗಿ ಆರಂಭವಾಗಿ, 1988ರಲ್ಲಿ ಕಚೇರಿಗೆ ಬೆಂಕಿ ಹಚ್ಚಿಸಿಕೊಂಡೂ ನಿಂತ ಪತ್ರಿಕೆ ಅದು. ಸ್ವಾತಂತ್ರ್ಯ ಬಂದದ್ದು 1990ರ ಮಾರ್ಚ್ 21ರಂದು. ಮರುವರ್ಷ ಇದೇ ವಿಂಡ್‌ಹುಕ್‌ನಲ್ಲಿ ಸೇರಿದ ಆಫ್ರಿಕದ ಪತ್ರಕರ್ತರು ಹೊರಡಿಸಿದ ಘೋಷಣೆಯ ನೆನಪಿಗಾಗಿಯೇ ಜಗತ್ತು ಮೇ 3ನ್ನು ಪತ್ರಿಕಾ ಸ್ವಾತಂತ್ರ್ಯ ದಿನವಾಗಿ ಆಚರಿಸುತ್ತದೆ. ಹಾಗಿದ್ದೂ ಹತ್ತು ವರ್ಷ ಕಳೆಯುವಷ್ಟರಲ್ಲಿ, ಟೀಕೆಯಿಂದ ಮುನಿದ, ದೇಶದ ಮೊದಲ ಅಧ್ಯಕ್ಷ ಸ್ಯಾಮ್ ನುಯೋಮಾ ಅವರ ಸರ್ಕಾರ ಆ ಪತ್ರಿಕೆಗೆ ಜಾಹೀರಾತು ನಿಲ್ಲಿಸಿತು, ಸರ್ಕಾರಿ ಹಣದಲ್ಲಿ ಅದನ್ನು ಕೊಳ್ಳಬಾರದೆಂದೂ ಆದೇಶಿಸಿತು. ಈ ನಿರ್ಬಂಧ ತೆರವಾದದ್ದು 2011ರಲ್ಲಿ. ಸರ್ಕಾರದ ಬೆನ್ನಾಸರೆ ಇಲ್ಲದೆ ಅಷ್ಟು ವರ್ಷ ಒಂದು ಪತ್ರಿಕೆ ಬದುಕಬೇಕಾದರೆ ಬಿಡಿ ಪ್ರತಿ ಕೊಳ್ಳುವವರು ಬೇಕು. ಓಷಿವಾಂಬೊ ಭಾಷೆಯ ಪುಟಗಳನ್ನೂ ಓದುಗರ ಎಸ್ಸೆಮ್ಮೆಸ್‌ಗಳ ಪುಟವನ್ನೂ ಹುಡುಕಿಕೊಂಡು ಓದುವ ಜನ ಉತ್ತರದಲ್ಲಿದ್ದರು. ನಾನು ಹೋದಾಗ ಊರಿನ ಮುದ್ರಣ ವಲಯದವರೆಲ್ಲರಿಗೂ ಆ ಕಥೆ ಬಾಯಿಪಾಠವಾಗಿತ್ತು, ಯಾವ ಪತ್ರಿಕೆಯ ಕೆಲಸವಾದರೂ ಉತ್ತರದ ಲಾರಿ ಮೊದಲು ಎಂಬುದು ನಿಯಮವಾಗಿತ್ತು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಜುಲೈ ಕೊನೆಯಿಂದ ನಮ್ಮ ಯಂತ್ರದಲ್ಲಿ ಕಾಗದ ತುಂಡಾಗುವುದು ಹೆಚ್ಚಿತು. ವಾರಕ್ಕೆ ಒಂದೋ ಎರಡೋ ಆಗುತ್ತಿದ್ದದ್ದು ಕೆಲವು ರಾತ್ರಿ ಮೂರು ಸಲ ಆಗತೊಡಗಿತು. ಒಮ್ಮೆ ತುಂಡಾದರೆ ಯಂತ್ರ ನಿಲ್ಲಿಸಿ, ಬ್ಲ್ಯಾಂಕೆಟ್ ಎಂಬ ರಬ್ಬರು ಹೊದಿಕೆಗೆ ಸುತ್ತಿಕೊಂಡ ಕಾಗದ ಬಿಡಿಸಿ, ಮತ್ತೆ ಎಲ್ಲ ರೋಲರುಗಳ ನಡುವೆ ಕಾಗದ ಹಾಯಿಸಿ, ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಬೀಳುವಂತೆ ರಿಜಿಸ್ಟರ್ ಕೂಡಿಸಿ ಒಳ್ಳೆಯ ಪ್ರತಿ ಬರುವಷ್ಟರಲ್ಲಿ ಹದಿನೈದು ಇಪ್ಪತ್ತು ನಿಮಿಷ ಹೋಗುತ್ತದೆ. ಕೆಟ್ಟ ಪ್ರತಿಗಳ ರಾಶಿ ಬೇರೆ. ಹದಿನಾಲ್ಕು ವರ್ಷದ ಅಭ್ಯಾಸದಂತೆ ನಾನು ನೇರ ಯಂತ್ರದ ಕಡೆ ನೋಡಿದೆ. ಮಂಗಳೂರಿನಲ್ಲಿ ಮಳೆಗಾಲ ಬಂತೆಂದರೆ ರೀಲಿನ ಅಂಚು ತೇವ ಹೀರಿ ಅಲೆ ಅಲೆಯಾಗುತ್ತದೆ, ಆಗ ಟೆನ್ಷನ್, ಎಂದರೆ ಕಾಗದದ ಎಳೆತ, ಸ್ವಲ್ಪ ಹೆಚ್ಚಿಸಿದರೆ ಕಾಗದ ಸಮವಾಗಿ ಓಡುತ್ತದೆ. ವಿಂಡ್‌ಹುಕ್‌ನಲ್ಲೂ ಕಾಗದ ಮಧ್ಯದಲ್ಲಿ ಸಡಿಲವಾಗಿ ಪಟಪಟ ಬಡಿಯುತ್ತಿತ್ತು. ನಾನು ಟೆನ್ಷನ್ ಹೆಚ್ಚಿಸಿದೆ. ಅದರಿಂದ ಇನ್ನೂ ಹೆಚ್ಚು ತುಂಡಾಯಿತು. ಬ್ರೇಕಿನ ಪ್ಯಾಡ್ ಬದಲಾಯಿಸಿದೆವು, ರೋಲರುಗಳ ಬೇರಿಂಗ್ ನೋಡಿದೆವು, ಮುಗಿಯುವ ರೀಲಿನ ತುದಿಗೆ ಮುಂದಿನ ರೀಲನ್ನು ಅಂಟಿಸಿ ಜೋಡಿಸುವ ಹುಡುಗರ ಮೇಲೆ ರೇಗಿಯೂ ಆಯಿತು. ಅವರ ಅಂಟು ಹಚ್ಚುವ ಕೆಲಸದಲ್ಲಿ ದೋಷವಿರಲಿಲ್ಲ ಎಂಬುದು ನನಗೆ ಒಳಗೊಳಗೆ ಗೊತ್ತಿತ್ತು. ಕೊನೆಗೆ ದಿನಚರಿ ಪುಸ್ತಕದಲ್ಲಿ ಪ್ರತಿ ರಾತ್ರಿ ‘ಕಾಗದದ ದೋಷ’ ಎಂದು ಬರೆಯಲು ತೊಡಗಿ, ಕಾಗದದ ಕಾರ್ಖಾನೆಗೆ ದೂರು ಕಳಿಸಬೇಕೆಂದು ವ್ಯವಸ್ಥಾಪಕರಿಗೆ ಕರಡು ಪತ್ರವನ್ನೂ ಕೊಟ್ಟೆ.

ಆ ಪತ್ರಕ್ಕೆ ರೀಲುಗಳ ಸಂಖ್ಯೆ ಬೇಕಾಗಿತ್ತು. ಅದನ್ನು ಕೇಳಲು ಗೋದಾಮಿಗೆ ಹೋದೆ. ಅಲ್ಲಿನ ಉಸ್ತುವಾರಿಯವರು ಅರವತ್ತರ ಆಸುಪಾಸಿನ ಒಂಡಾಂಗ್ವ ಕಡೆಯವರು. ಎಲ್ಲರೂ ಅವರನ್ನು ‘ಟಾಟೆ’ ಎನ್ನುತ್ತಿದ್ದರು. ಓಷಿವಾಂಬೊದಲ್ಲಿ ಹಾಗೆಂದರೆ ಅಪ್ಪ. ಹಿರಿಯ ಗಂಡಸರನ್ನು ಅಲ್ಲಿ ಹೆಸರು ಹಿಡಿದು ಕರೆಯುವುದಿಲ್ಲ. ಅವರು ತಮ್ಮ ಉದ್ದನೆಯ ಪುಸ್ತಕ ತೆಗೆದು ಮುಂದಿಟ್ಟರು. ರೀಲಿನ ಸಂಖ್ಯೆ, ಬಂದ ದಿನ, ತೂಕದ ಜೊತೆಗೆ ಸುತ್ತುಕಾಗದ ಬಿಚ್ಚಿದ ಗಂಟೆಯನ್ನೂ ಅವರು ಬರೆದಿಟ್ಟಿದ್ದರು. ಆ ಅಂಕಣವನ್ನು ಯಾರೂ ಅವರಿಗೆ ಹೇಳಿ ಬರೆಸಿದ್ದಲ್ಲ. ನನ್ನ ದಿನಚರಿಯನ್ನು ಪಕ್ಕದಲ್ಲಿಟ್ಟು ತುಂಡಾದ ಒಂದೊಂದು ರೀಲನ್ನೂ ಹುಡುಕಿದೆವು. ಹೆಚ್ಚುಕಡಿಮೆ ಎಲ್ಲವೂ ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ ಬಿಚ್ಚಿದವು. ರಾತ್ರಿ ಯಂತ್ರಕ್ಕೆ ಹಾಕುವ ಹೊತ್ತಿಗೆ ಬಿಚ್ಚಿದ ರೀಲುಗಳಲ್ಲಿ ಒಂದೆರಡು ಮಾತ್ರ ಕೈಕೊಟ್ಟಿದ್ದವು. ಮಧ್ಯಾಹ್ನವೇ ಬಿಚ್ಚಿಡಿ ಎಂದು ಜುಲೈನಲ್ಲಿ ಆದೇಶ ಕೊಟ್ಟವನು ನಾನೇ. ರಾತ್ರಿ ಪಾಳಿಯ ಸಮಯ ಉಳಿಯಲಿ ಎಂಬುದು ನನ್ನ ಜಾಣತನ.

ಕಾರಣ ಗೊತ್ತಾದ ಮೇಲೆ ಎಲ್ಲವೂ ಸರಳವಾಗಿಯೇ ಕಂಡಿತು. ವಿಂಡ್‌ಹುಕ್ ಸಮುದ್ರಮಟ್ಟದಿಂದ ಸಾವಿರದ ಆರುನೂರು ಮೀಟರಿಗೂ ಎತ್ತರದಲ್ಲಿದೆ. ಆಗಸ್ಟ್, ಸೆಪ್ಟೆಂಬರ್‌ಗಳ ಮಧ್ಯಾಹ್ನ ಗಾಳಿಯ ತೇವ ಶೇಕಡಾ ಇಪ್ಪತ್ತಕ್ಕಿಂತಲೂ ಕೆಳಗಿಳಿಯುತ್ತದೆ. ಪತ್ರಿಕಾ ಕಾಗದಕ್ಕೆ ಹಿತವಾದದ್ದು ಐವತ್ತರ ಆಸುಪಾಸು. ಹಡಗಿನಲ್ಲಿ ಬಂದ ರೀಲು ಇಳಿಯುವುದು ವಾಲ್ವಿಸ್ ಬೇ ಬಂದರಿನಲ್ಲಿ. ಅಲ್ಲಿ ಮಳೆ ಇಲ್ಲದಿದ್ದರೂ ತಣ್ಣನೆಯ ಬೆಂಗುಯೆಲಾ ಸಾಗರ ಪ್ರವಾಹದಿಂದ ಏಳುವ ಮಂಜು ಎಲ್ಲವನ್ನೂ ಒದ್ದೆಯಾಗಿಸುತ್ತದೆ. ಅಲ್ಲಿಂದ ಸುಮಾರು ನಾನೂರು ಕಿಲೋಮೀಟರ್ ಮರುಭೂಮಿ ಹತ್ತಿ ಒಣ ಪ್ರಸ್ಥಭೂಮಿಗೆ ಬರುವ ಆ ರೀಲಿಗೆ ಇರುವ ರಕ್ಷೆ ತೇವ ತಡೆಯುವ ಸುತ್ತುಕಾಗದವೊಂದೇ. ಅದನ್ನು ಬಿಚ್ಚಿದ ಕೂಡಲೇ ಎರಡು ಬದಿಯ ಅಂಚುಗಳು ಮೊದಲು ಒಣಗಿ ಕುಗ್ಗುತ್ತವೆ, ಮಧ್ಯಭಾಗ ಇದ್ದ ಹಾಗೇ ಉಳಿಯುತ್ತದೆ. ಹಾಗಾಗಿ ಓಡುವಾಗ ಎಳೆತವನ್ನೆಲ್ಲ ಅಂಚುಗಳೇ ಹೊರುತ್ತವೆ, ಮಧ್ಯ ಜೋಲುತ್ತದೆ. ಒಣಗಿದ ಅಂಚು ಗೆದ್ದಲು ತಿಂದ ಹಾಗೆ ಪೆಳಸು. ನೆಲದ ಮರಳು ತಾಗಿ ಸಣ್ಣ ಕಚ್ಚು ಬಿದ್ದಿದ್ದರೆ ಹರಿಯುವುದಕ್ಕೆ ಅಷ್ಟೇ ಸಾಕು. ಮಂಗಳೂರಿನ ಕಾಯಿಲೆಗೆ ನೇರ ವಿರುದ್ಧವಾದ ಕಾಯಿಲೆಯಿದು, ಮತ್ತು ನಾನು ಕೊಟ್ಟದ್ದು ಮಂಗಳೂರಿನ ಮದ್ದು.

ದೂರಿನ ಪತ್ರವನ್ನು ವಾಪಸು ಪಡೆದೆ. ಅದು ಹೋಗಿದ್ದರೆ ಕಾರ್ಖಾನೆಯವರ ಮೊದಲ ಪ್ರಶ್ನೆಯೇ ‘ಎಷ್ಟು ಹೊತ್ತಿಗೆ ಬಿಚ್ಚಿದಿರಿ’ ಎಂದಿರುತ್ತಿತ್ತು.

ಪರಿಹಾರವನ್ನು ಜಾರಿಗೆ ತರುವುದು ಕಾರಣ ಹುಡುಕಿದಷ್ಟು ಸುಲಭವಾಗಲಿಲ್ಲ. ಒಂದು ರೀಲು ಓಡುತ್ತಿರುವಾಗ ಮುಂದಿನ ಒಂದನ್ನು ಮಾತ್ರ ಬಿಚ್ಚಬೇಕು ಎಂದು ನಿಯಮ ಮಾಡಿದರೆ, ಬಿಚ್ಚುವ, ಅಂಚು ಪರೀಕ್ಷಿಸುವ, ಜೋಡಣೆಗೆ ತಯಾರು ಮಾಡುವ ಕೆಲಸವೆಲ್ಲ ರಾತ್ರಿಯವರ ತಲೆಗೆ ಬರುತ್ತದೆ. ಈಗಾಗಲೇ ಒಂದು ತಿಂಗಳು ನನ್ನಿಂದ ಬೈಗುಳ ತಿಂದಿದ್ದ ಹುಡುಗರು ಅದಕ್ಕೆ ಒಪ್ಪಲಿಲ್ಲ, ಅದು ನ್ಯಾಯವೇ ಆಗಿತ್ತು. ಎರಡೂ ಪುಸ್ತಕಗಳನ್ನು ಅವರ ಮುಂದೆ ತೆರೆದಿಟ್ಟು, ಆದೇಶ ನನ್ನದೇ ಎಂದು ಒಪ್ಪಿಕೊಂಡ ಮೇಲೆ ಮಾತು ಮೆತ್ತಗಾಯಿತು. ಹಗಲು ಪಾಳಿಯ ಒಬ್ಬರನ್ನು ರಾತ್ರಿಗೆ ವರ್ಗಾಯಿಸಿದೆವು. ರೀಲುಗಳನ್ನು ಬರಿಯ ಕಾಂಕ್ರೀಟ್ ನೆಲದಿಂದ ಮರದ ಹಲಗೆಗಳ ಮೇಲೇರಿಸಿದೆವು. ಟೆನ್ಷನ್ ಅನ್ನು ನಾನು ಬರುವ ಮೊದಲಿದ್ದ ಮಟ್ಟಕ್ಕೂ ಕೊಂಚ ಕೆಳಗಿಳಿಸಿದೆವು. ಆರ್ದ್ರತಾ ಮಾಪಕವೊಂದನ್ನು ಗೋಡೆಗೆ ಹಾಕಿಸಿದೆವು. ತುಂತುರು ಹನಿಸುವ ಯಂತ್ರ ಬಂದದ್ದು ಮರುವರ್ಷ, ಅದೂ ಪುಟ ಮಡಿಚುವ ಫೋಲ್ಡರಿನಲ್ಲಿ ಪುಟಗಳು ಸ್ಥಿರವಿದ್ಯುತ್ತಿನಿಂದ ಒಂದಕ್ಕೊಂದು ಅಂಟಿಕೊಂಡು ತೊಂದರೆ ಕೊಟ್ಟ ಮೇಲೆ. ಹಣ ಕೇಳಿದರೆ ಬರುವ ಉತ್ತರ ಮಂಗಳೂರಿನಲ್ಲೂ ವಿಂಡ್‌ಹುಕ್‌ನಲ್ಲೂ ಒಂದೇ.

ಅದೇ ದಿನಗಳಲ್ಲಿ ನನ್ನ ಅರಿವಿನ ಮಿತಿ ತೋರಿಸಿದ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಪುಟದ ಅಚ್ಚಿರುವ ಲೋಹದ ಪ್ಲೇಟ್ ಬರುವುದನ್ನು ಕಾಯುವಾಗ ನಾನು ಪುಟಗಳನ್ನು ಆಕಾರದಿಂದಲೇ ಗುರುತಿಸಲು ಕಲಿತಿದ್ದೆ: ನಾಮಪದಗಳಿಗೆಲ್ಲ ದೊಡ್ಡಕ್ಷರವಿದ್ದರೆ ಜರ್ಮನ್, ಓಕಾರದಿಂದ ಆರಂಭವಾಗುವ ಉದ್ದುದ್ದ ಪದಗಳಿದ್ದರೆ ಓಷಿವಾಂಬೊ. ಒಮ್ಮೆ ಖೊಯೆಖೊಯೆಗೊವಾಬ್ ಭಾಷೆಯ ಪುಟವಿದ್ದ ಚರ್ಚ್ ಮಾಸಿಕವೊಂದು ಬಂತು. ನಾಲಿಗೆಯಿಂದ ಲೊಚಗುಟ್ಟುವ ಧ್ವನಿಗಳಿಗೆ ಆ ಭಾಷೆಯಲ್ಲಿ ನಾಲ್ಕು ಗುರುತುಗಳಿವೆ: ಒಂದು ನಿಲುಗೆರೆ, ಜೋಡಿ ನಿಲುಗೆರೆ, ಉದ್ಗಾರ ಚಿಹ್ನೆಯಂಥದ್ದು, ಎರಡು ಅಡ್ಡಗೆರೆ ಹಾಯ್ದ ನಿಲುಗೆರೆ. ಕೊನೆಯದು ನಮ್ಮ ಫಾಂಟಿನಲ್ಲಿ ಇರದೆ ಖಾಲಿ ಚೌಕವಾಗಿತ್ತು. ಅದೇನೋ ಅಲಂಕಾರವೆಂದು ನಾನು ಪ್ಲೇಟ್ ಒಪ್ಪಿಬಿಟ್ಟೆ. ಫಾಂಟ್ ಬದಲಾದಾಗ ಒತ್ತಕ್ಷರಗಳು ಚದುರಿ ಬೀಳುವುದನ್ನು ಕನ್ನಡದಲ್ಲಿ ಎಷ್ಟು ಸಲ ಕಂಡವನು, ಪರಭಾಷೆಯಲ್ಲಿ ಅದೇ ರೋಗ ಗುರುತಿಸಲಿಲ್ಲ. ಆ ಕೆಲಸವನ್ನು ನಮ್ಮ ಖರ್ಚಿನಲ್ಲೇ ಮತ್ತೆ ಮುದ್ರಿಸಿಕೊಟ್ಟೆವು. ಅಂದಿನಿಂದ ಓದಲು ಬರುವವರೊಬ್ಬರ ರುಜು ಇಲ್ಲದೆ ಆ ಭಾಷೆಯ ಪುಟ ಯಂತ್ರಕ್ಕೆ ಹೋಗಲಿಲ್ಲ.

ಮರುವರ್ಷದ ಆಗಸ್ಟ್‌ನಲ್ಲೂ ಕಾಗದ ತುಂಡಾಯಿತು, ಆದರೆ ತಿಂಗಳಿಗೆ ನಾಲ್ಕೈದು ಸಲ ಮಾತ್ರ, ಅದರಲ್ಲಿ ಎರಡು ಫೋರ್ಕ್‌ಲಿಫ್ಟ್ ತಾಗಿ ಅಂಚು ಕೆಟ್ಟ ರೀಲುಗಳು. ಉತ್ತರದಿಂದ ವಾಪಸು ಬರುವ ಬಂಡಲುಗಳು ಕಡಿಮೆಯಾದವು ಎಂದು ವಿತರಣಾ ವಿಭಾಗದವರು ಹೇಳಿದರು. ಅದರಲ್ಲಿ ನಮ್ಮ ಪಾಲೆಷ್ಟು, ಸುದ್ದಿಯ ಪಾಲೆಷ್ಟು ಎಂದು ಬಿಡಿಸಿ ಹೇಳುವಂತಿರಲಿಲ್ಲ. ಟಾಟೆಯ ಪುಸ್ತಕ ಮತ್ತು ನನ್ನ ದಿನಚರಿ ಎರಡನ್ನೂ ಯಂತ್ರದ ಪಕ್ಕದ ಮೇಜಿನ ಮೇಲೆ ಇಡುವ ಪದ್ಧತಿ ಬಂದಿತ್ತು. ಒಂದು ಬೆಳಗಿನ ಜಾವ ಅವರ ಪುಸ್ತಕ ತಿರುಗಿಸಿದಾಗ, ಸುತ್ತುಕಾಗದ ಬಿಚ್ಚಿದ ಗಂಟೆಯ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಹೊಸ ಗೆರೆಯೊಂದು ಎಳೆದಿರುವುದು ಕಂಡಿತು. ಉತ್ತರದ ಲಾರಿ ಗೇಟು ದಾಟಿದ ಹೊತ್ತನ್ನು ಅವರು ಅಲ್ಲಿ ಬರೆಯತೊಡಗಿದ್ದರು.