ಭುಜದ ಆಪರೇಷನ್ ಆದ ಮೇಲೆ ಎಷ್ಟು ತಿಂಗಳಿಗೆ ಬುಲೆಟ್ ಹತ್ತಿದಿರಿ?

ತೀರ್ಥಹಳ್ಳಿ ಪೇಟೆಯಲ್ಲಿ ಗಾಡಿ ನಿಲ್ಲಿಸಿ ಹೆಲ್ಮೆಟ್ ತೆಗೆದರೆ ಸಾಕು, ಪರಿಚಯದವರು ಯಾರಾದರೊಬ್ಬರು ನನ್ನ ಬಲ ಭುಜದ ಕಡೆ ಕಣ್ಣು ಹಾಯಿಸಿ ಕೇಳುತ್ತಾರೆ: "ಆಪರೇಷನ್ ಆಗಿತ್ತಲ್ಲ, ಎಷ್ಟು ತಿಂಗಳಿಗೆ ಮತ್ತೆ ಬುಲೆಟ್ ಹತ್ತಿದ್ರಿ?" ತಮ್ಮ ಭುಜದ ಆಪರೇಷನ್‌ಗೆ ದಿನ ನಿಗದಿಯಾದವರು ಫೋನ್ ಮಾಡಿ ಕೇಳುತ್ತಾರೆ. ಕೆಲವರು ಕೈ ಇನ್ನೂ ಸ್ಲಿಂಗಿನಲ್ಲಿರುವಾಗಲೇ ಕೇಳುತ್ತಾರೆ, ಆಸೆಯಿಂದ.

ಆರು ತಿಂಗಳು ಹನ್ನೊಂದು ದಿನ. ನನ್ನ ಉತ್ತರ ಅಷ್ಟೇ. ಆದರೆ ಈ ಲೆಕ್ಕವನ್ನು ತೆಗೆದುಕೊಂಡು ಹೋಗಿ ನಿಮ್ಮ ಭುಜಕ್ಕೆ ಹಚ್ಚಬೇಡಿ ಎಂದು ಹೇಳುವುದಕ್ಕೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ಮೊದಲು ಕೈ ಹೋದದ್ದು ಹೇಗೆ ಎಂದು ಹೇಳಬೇಕು. ಎಲ್ಲರೂ ಘಾಟಿಯಲ್ಲಿ ಬಿದ್ದಿರಬೇಕು ಅಂದುಕೊಳ್ಳುತ್ತಾರೆ. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಎಷ್ಟೋ ಸಲ ಇಳಿದು ಹತ್ತಿದವಳು ನಾನು, ಅಲ್ಲಿ ಏನೂ ಆಗಿಲ್ಲ. ಪುನರ್ವಸು ಮಳೆ ಹಿಡಿದ ಒಂದು ಬೆಳಿಗ್ಗೆ ಕೊಟ್ಟಿಗೆ ಪಕ್ಕದ ಮಾಡಿನಿಂದ ಗಾಡಿಯನ್ನು ಹಿಂದಕ್ಕೆ ಎಳೆಯುತ್ತಿದ್ದೆ. ಅಂಗಳದ ತುಂಬ ಪಾಚಿ. ಕಾಲು ಜಾರಿತು, ಗಾಡಿ ಆಚೆ ಬದಿಗೆ ವಾಲಿತು. ಬಿಟ್ಟುಬಿಡಬೇಕಿತ್ತು. 195 ಕೆ.ಜಿ.ಯ ಗಾಡಿಯನ್ನು ಚಾಚಿದ ಬಲಗೈಯಲ್ಲಿ ಹಿಡಿದು ನಿಲ್ಲಿಸಲು ಹೋದೆ. ಭುಜದೊಳಗೆ ಹಳೇ ಬಟ್ಟೆ ಹರಿದ ಹಾಗಾಯಿತು. ಕಿವಿಗೆ ಕೇಳಿದ್ದೋ ಮೈಗೆ ತಿಳಿದದ್ದೋ ಇವತ್ತಿಗೂ ಹೇಳಲಾರೆ.

ಆಮೇಲೆ ಮೂರು ವಾರ ವ್ಯರ್ಥವಾಯಿತು. ಮೊದಲು ತೋರಿಸಿದ ಕಡೆ ಎಕ್ಸ್‌ರೇ ತೆಗೆದು "ಮೂಳೆಗೇನೂ ಆಗಿಲ್ಲ, ಉಳುಕು" ಎಂದರು. ಎಣ್ಣೆ ತಿಕ್ಕಿಸಿಕೊಂಡೆ, ಬಿಸಿ ಶಾಖ ಕೊಟ್ಟುಕೊಂಡೆ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆಯೇ ಹೊರತು ಹರಿದ ಸ್ನಾಯುರಜ್ಜು, ಅಂದರೆ ಮಾಂಸಖಂಡವನ್ನು ಮೂಳೆಗೆ ಕಟ್ಟಿ ಹಿಡಿಯುವ ಹುರಿ, ಕಾಣುವುದಿಲ್ಲ. ಅದಕ್ಕೆ ಎಂಆರ್‌ಐ ಅಥವಾ ಅಲ್ಟ್ರಾಸೌಂಡ್ ಬೇಕು. ಇದು ಆಗ ನನಗೆ ಗೊತ್ತಿರಲಿಲ್ಲ. ಇನ್ನೊಬ್ಬರು ಕೈಯನ್ನು ಮೇಲೆತ್ತಿ ಹಿಡಿದಾಗ ನಿಲ್ಲುತ್ತಿತ್ತು, ಅವರು ಬಿಟ್ಟ ಕೂಡಲೇ ದೊಪ್ಪನೆ ಬೀಳುತ್ತಿತ್ತು. ನಿಮಗೂ ಹೀಗಾಗುತ್ತಿದ್ದರೆ ದಯವಿಟ್ಟು ತಿಕ್ಕಿಸಿಕೊಳ್ಳುತ್ತಾ ಕೂರಬೇಡಿ. ಹರಿದದ್ದು ಹಳತಾದಷ್ಟೂ ಆ ಮಾಂಸಖಂಡ ಹಿಂದಕ್ಕೆ ಸೆಳೆದುಕೊಂಡು ಸೊರಗುತ್ತದೆ, ಮತ್ತೆ ಎಳೆದು ಹೊಲಿಯುವುದು ಕಷ್ಟವಾಗುತ್ತದೆ.

ತೋಳಿನ ಮೂಳೆಯ ಗುಂಡಗಿನ ತಲೆಯನ್ನು ನಾಲ್ಕು ಮಾಂಸಖಂಡಗಳ ರಜ್ಜುಗಳು ಸುತ್ತಲಿಂದ ತಬ್ಬಿ ಹಿಡಿದಿರುತ್ತವೆ. ಇವಕ್ಕೆ ಒಟ್ಟಾಗಿ ರೊಟೇಟರ್ ಕಫ್ ಅನ್ನುತ್ತಾರೆ. ನನಗೆ ಕಿತ್ತುಬಂದದ್ದು ಮೇಲ್ಗಡೆಯದು, ಸುಪ್ರಾಸ್ಪೈನೇಟಸ್. ಆರ್ತ್ರೋಸ್ಕೋಪಿಯಲ್ಲಿ ಸಣ್ಣ ತೂತುಗಳ ಮೂಲಕ ಕ್ಯಾಮೆರಾ ಇಳಿಸಿ, ಮೂಳೆಗೆ ಆ್ಯಂಕರ್ ಎಂಬ ಪುಟ್ಟ ಮೊಳೆಯಂಥವನ್ನು ಕೂರಿಸಿ, ಅವುಗಳ ದಾರದಿಂದ ರಜ್ಜುವನ್ನು ಮೂಳೆಗೆ ಬಿಗಿದರು. ಹೊರಗಿನಿಂದ ನೋಡಿದರೆ ನಾಲ್ಕು ಸಣ್ಣ ಗಾಯದ ಕಲೆ, ಅಷ್ಟೇ. ಇಷ್ಟು ಚಿಕ್ಕ ಗಾಯಕ್ಕೆ ಅಷ್ಟು ತಿಂಗಳು ಯಾಕೆ ಎಂದು ನಾನೂ ಕೇಳಿದೆ.

ಡಾಕ್ಟರ್ ತೋಟದವರ ಮನೆಯವರಂತೆ. "ನೀವು ಕಸಿ ಕಟ್ಟಿದ್ದೀರಲ್ಲ?" ಎಂದು ಕೇಳಿದರು. "ಕಟ್ಟಿದ ದಿನ ಅದನ್ನು ಹಿಡಿದಿರೋದು ಪಟ್ಟಿ. ಒಳಗೆ ಬೆಸೆದುಕೊಂಡ ಮೇಲೆ ಹಿಡಿಯೋದು ಗಿಡ. ನಡುವೆ ಅಲುಗಾಡಿಸಿದ್ರೆ ಎರಡೂ ಇಲ್ಲ. ನಾನು ಕಟ್ಟಿರೋದು ಪಟ್ಟಿ ಮಾತ್ರ."

ಮುಂದಿನ ಆರು ತಿಂಗಳಲ್ಲಿ ಎಷ್ಟೋ ಸಲ ಈ ಮಾತು ನನ್ನನ್ನು ತಡೆದು ನಿಲ್ಲಿಸಿತು.

ಮೊದಲ ಆರು ವಾರ ಸ್ಲಿಂಗ್, ಕಂಕುಳ ಕೆಳಗೆ ಒಂದು ದಿಂಬು. ರಾತ್ರಿ ಮಲಗಲಾಗದೆ ಆರಾಮ ಕುರ್ಚಿಯಲ್ಲೇ ನಿದ್ದೆ. ಮುಂದಕ್ಕೆ ಬಾಗಿ ಕೈಯನ್ನು ಗಡಿಯಾರದ ಲೋಲಕದ ಹಾಗೆ ಜೋಲುಬಿಟ್ಟು ತೂಗುವುದು ಮೊದಲ ವ್ಯಾಯಾಮ. ಆಮೇಲೆ ಬಾಗಿಲ ಮೇಲೊಂದು ಸಣ್ಣ ರಾಟೆ ಕಟ್ಟಿ, ಎಡಗೈಯಿಂದ ಹಗ್ಗ ಜಗ್ಗಿ ಬಲಗೈಯನ್ನು ಮೇಲೇರಿಸುವುದು. ಗೋಡೆಯ ಮೇಲೆ ಬೆರಳು ಹತ್ತಿಸುವುದು. ರಬ್ಬರ್ ಪಟ್ಟಿ ಎಳೆದು ಬಲ ಕೂಡಿಸುವ ವ್ಯಾಯಾಮ ನನಗೆ ಶುರುವಾದದ್ದು ಮೂರು ತಿಂಗಳು ಕಳೆದ ಮೇಲೆಯೇ. ಸಕ್ಕರೆ ಕಾಯಿಲೆ ಇರುವವರಿಗೆ ಭುಜ ಬಿಗಿದುಕೊಳ್ಳುವುದು ಜಾಸ್ತಿ, ಬೀಡಿ ಸಿಗರೇಟು ಸೇದುವವರಿಗೆ ರಜ್ಜು ಕೂಡಿಕೊಳ್ಳುವುದು ನಿಧಾನ. ಅಂಥವರ ತಿಂಗಳ ಲೆಕ್ಕ ನನ್ನದಕ್ಕಿಂತ ಬೇರೆಯೇ ಇರುತ್ತದೆ.

ನನ್ನ ಮಟ್ಟಿಗೆ ಅಪಾಯದ ಕಾಲ ಅಂದರೆ ಒಂಬತ್ತನೇ ವಾರ. ಒಂದು ಬೆಳಿಗ್ಗೆ ಎದ್ದಾಗ ನೋವೇ ಇಲ್ಲ. ಗೋಡೆಗೆ ನೇತುಹಾಕಿದ್ದ ಕೀ ತೆಗೆದುಕೊಂಡು, ಸೆಂಟರ್ ಸ್ಟ್ಯಾಂಡ್ ಮೇಲಿದ್ದ ಗಾಡಿ ಹತ್ತಿ ಕೂತೆ. ಎರಡೂ ಕೈ ಸಲೀಸಾಗಿ ಹ್ಯಾಂಡಲಿಗೆ ತಾಗಿದವು. ಬ್ರೇಕ್ ಹಿಡಿದೆ, ಆಕ್ಸಿಲರೇಟರ್ ತಿರುಗಿಸಿದೆ. ಆಗ ಎಷ್ಟು ಸಂತೋಷವಾಯಿತು ಎಂದು ಹೇಳಲಾರೆ. ಮಗಳು ಬಂದು ಎದುರಿಗೆ ನಿಂತಳು.

"ಅಮ್ಮಾ, ಜಡೆ ಹಾಕೋಕೆ ಇವತ್ತೂ ನನ್ನನ್ನೇ ಕರ್ದಿದೀಯ. ತಲೆವರೆಗೆ ಹೋಗದ ಕೈಯಲ್ಲಿ ಗಾಡಿ ಹಿಡೀತೀಯಾ?"

ಕೀ ಅವಳ ಕೈಗೆ ಕೊಟ್ಟು ಇಳಿದೆ. ಆ ಮಧ್ಯಾಹ್ನ ಫಿಸಿಯೋ ಹುಡುಗಿಗೆ ಹೇಳಿದಾಗ ಅವಳ ಮುಖವೇ ಬದಲಾಯಿತು. "ಅಕ್ಕಾ, ನೋವು ಮೊದಲು ಹೋಗುತ್ತೆ. ಹೊಲಿಗೆ ಆಮೇಲೆ ಕೂಡುತ್ತೆ. ಹೊಲಿದದ್ದು ಮತ್ತೆ ಬಿಟ್ಟುಕೊಳ್ಳೋದು ಹೆಚ್ಚಾಗಿ ಈ ಮೊದಲ ತಿಂಗಳುಗಳಲ್ಲೇ."

ಬೈಕ್ ಸವಾರಿಯಲ್ಲಿ ಭುಜಕ್ಕೆ ಮೋಸವಾಗುವುದು ಇಲ್ಲೇ. ಕೂತು ಓಡಿಸಲು ಕೈಯನ್ನು ಭುಜದ ಮಟ್ಟಕ್ಕಿಂತ ಮೇಲೆತ್ತುವುದು ಬೇಡ. ಆಕ್ಸಿಲರೇಟರ್ ತಿರುಗಿಸುವುದು ಮಣಿಕಟ್ಟು, ಬ್ರೇಕ್ ಹಿಡಿಯುವುದು ಬೆರಳು. ಸಪಾಟು ರಸ್ತೆಯಲ್ಲಿ ನಲವತ್ತರ ವೇಗದಲ್ಲಿ ಹೋಗುವುದಾದರೆ ಅರೆವಾಸಿಯಾದ ಭುಜವೂ ಸಾಕಾಗುತ್ತದೆ. ಆದರೆ ನಮ್ಮ ದಾರಿಯಲ್ಲಿ ತಿರುವಿನಾಚೆ ದನ ನಿಂತಿರುತ್ತದೆ. ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದ ಕ್ಷಣ ಮೈಯ ಭಾರವೆಲ್ಲ ಮುಂದಕ್ಕೆ ನುಗ್ಗಿ ಎರಡು ತೋಳುಗಳ ಮೇಲೆ ಕೂರುತ್ತದೆ. ಹಿಂದೆ ಯಾರಾದರೂ ಕೂತಿದ್ದರೆ ಅವರ ಭಾರವೂ ನಮ್ಮ ಬೆನ್ನಿಗೆ ಬೀಳುತ್ತದೆ. ಗುಂಡಿಗೆ ಚಕ್ರ ಇಳಿದರೆ ಹ್ಯಾಂಡಲ್ ಒದೆಯುತ್ತದೆ. ನಿಂತಲ್ಲೇ ಗಾಡಿ ವಾಲಿದರೆ ಕೈ ನಮ್ಮನ್ನು ಕೇಳದೆಯೇ ಹಿಡಿಯಲು ಹೋಗುತ್ತದೆ. ಅಂಗಳದಲ್ಲಿ ನನ್ನ ಕೈ ಹರಿದದ್ದೇ ಹಾಗೆ, ಇಂಜಿನ್ ಇನ್ನೂ ಚಾಲೂ ಆಗಿರಲಿಲ್ಲ. ಅದಕ್ಕೇ ಯಾರಾದರೂ "ಓಡಿಸಲು ಆಗುತ್ತಾ" ಎಂದರೆ ನಾನು ತಿರುಗಿ ಕೇಳುವುದು: ವಾಲುವ ಗಾಡಿಯನ್ನು ಹಿಡಿಯಲು ಆಗುತ್ತಾ?

ನನ್ನ ತಂಗಿಯ ಮಗನಿಗೆ ಮೋಟೋಜಿಪಿ ಬೈಕ್ ರೇಸಿನ ಹುಚ್ಚು. "ದೊಡ್ಡಮ್ಮ, ಲೊರೆಂಜೊ ಎರಡೇ ದಿನಕ್ಕೆ ರೇಸ್ ಓಡಿಸಿದ್ದ" ಎಂದು ಆಸ್ಪತ್ರೆಯಲ್ಲೇ ಶುರುಮಾಡಿದ. ನಿಜವೇ. 2013ರ ಜೂನ್‌ನಲ್ಲಿ ನೆದರ್ಲೆಂಡ್ಸ್‌ನ ಅಸೆನ್‌ನಲ್ಲಿ ಹೋರ್ಹೆ ಲೊರೆಂಜೊ ಗುರುವಾರ ಬಿದ್ದು ಎಡ ಕಾಲರ್ ಬೋನ್ ಮುರಿದುಕೊಂಡರು. ಅದೇ ರಾತ್ರಿ ಬಾರ್ಸಿಲೋನಾಕ್ಕೆ ಹಾರಿ ಪ್ಲೇಟ್ ಹಾಕಿಸಿಕೊಂಡು ಬಂದು ಶನಿವಾರದ ರೇಸ್‌ನಲ್ಲಿ ಐದನೆಯವರಾದರು. ಹುಡುಗರು ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ಎರಡೇ ವಾರದಲ್ಲಿ ಜರ್ಮನಿಯ ಜಾಕ್ಸೆನ್‌ರಿಂಗ್‌ನಲ್ಲಿ ಅವರು ಮತ್ತೆ ಬಿದ್ದರು, ಆ ಪ್ಲೇಟ್ ಬಾಗಿತು, ಮತ್ತೆ ಆಪರೇಷನ್.

ಇನ್ನೊಬ್ಬ ರೇಸರ್ ಮಾರ್ಕ್ ಮಾರ್ಕೆಜ್ ಕಥೆ ಇನ್ನೂ ಕಠಿಣ. 2020ರ ಜುಲೈ 19ರಂದು ಸ್ಪೇನಿನ ಹೆರೆಸ್‌ನಲ್ಲಿ ಬಲತೋಳಿನ ಮೂಳೆ ಮುರಿಯಿತು. 21ಕ್ಕೆ ಪ್ಲೇಟ್ ಹಾಕಿದರು, 25ಕ್ಕೆ ಮತ್ತೆ ಬೈಕ್ ಹತ್ತಿ, ಆಗದೆ ಇಳಿದರು. ಆಗಸ್ಟ್ ಮೊದಲ ವಾರದಲ್ಲಿ ಮನೆಯಲ್ಲಿ ಕಿಟಕಿ ತೆರೆಯುವಾಗ ಆ ಪ್ಲೇಟ್ ಮುರಿಯಿತು ಎಂದು ಸುದ್ದಿಯಾಯಿತು. ಎರಡನೇ ಆಪರೇಷನ್, ಡಿಸೆಂಬರಿನಲ್ಲಿ ಮೂರನೆಯದು. ಮತ್ತೆ ರೇಸಿಗೆ ಬಂದದ್ದು 2021ರ ಏಪ್ರಿಲ್‌ನಲ್ಲಿ. 2022ರಲ್ಲಿ ನಾಲ್ಕನೇ ಆಪರೇಷನ್. ಜಗತ್ತಿನ ಅತ್ಯುತ್ತಮ ಡಾಕ್ಟರುಗಳು ಹಗಲೂ ರಾತ್ರಿ ಜೊತೆಗಿದ್ದವರಿಗೇ ಆತುರ ಅಷ್ಟು ದುಬಾರಿಯಾಯಿತು. ಮೇಲಾಗಿ ಇಬ್ಬರದ್ದೂ ಮೂಳೆ. ಮೂಳೆಗೆ ಪ್ಲೇಟ್ ಬಿಗಿದರೆ ಆ ಕ್ಷಣದಿಂದ ಲೋಹ ಹಿಡಿದು ನಿಲ್ಲಿಸುತ್ತದೆ, ಮೂಳೆಯೊಳಗೆ ರಕ್ತ ಓಡುತ್ತಿರುತ್ತದೆ. ರಜ್ಜುವಿಗೆ ರಕ್ತ ಕಡಿಮೆ, ಅದು ಮೂಳೆಗೆ ಬೇರು ಬಿಡುವುದು ತೀರಾ ನಿಧಾನ. ಕಾಲರ್ ಬೋನ್ ಮುರಿದವರ ಲೆಕ್ಕ ಬೇರೆ, ಭುಜದ ಕೀಲು ಪದೇ ಪದೇ ಜಾರಿ ಆಪರೇಷನ್ ಮಾಡಿಸಿಕೊಂಡವರದ್ದು ಬೇರೆ, ಕೀಲನ್ನೇ ಬದಲಿಸಿಕೊಂಡವರದ್ದು ಪೂರ್ತಿ ಬೇರೆ. "ನನಗೆ ಹರಿದದ್ದು ಎಷ್ಟು ದೊಡ್ಡದು, ಹೊಲಿಯುವಾಗ ರಜ್ಜು ಗಟ್ಟಿಯಿತ್ತಾ?" ಎಂದು ನಿಮ್ಮ ಸರ್ಜನ್‌ಗೆ ನೇರವಾಗಿ ಕೇಳಿ. ಎಷ್ಟು ತಿಂಗಳು ಎಂಬುದು ಆ ಉತ್ತರದ ಮೇಲೆ ನಿಂತಿದೆ.

ನನಗೆ ಡಾಕ್ಟರ್ ಆರು ತಿಂಗಳು ಅಂದಿದ್ದರು. ಆ ತಪಾಸಣೆಯಲ್ಲಿ ಅವರು ಒಪ್ಪಿದ ಮೇಲೂ ನಾನು ತಕ್ಷಣ ಹತ್ತಲಿಲ್ಲ. ಮನೆಯಲ್ಲೇ ನನಗೆ ನಾನೇ ಕೆಲವು ಪರೀಕ್ಷೆ ಇಟ್ಟುಕೊಂಡೆ. ಮೊದಲನೆಯದು ಮಗಳು ಹೇಳಿಕೊಟ್ಟದ್ದು: ಎರಡೂ ಕೈಯಲ್ಲಿ ನಾನೇ ಜಡೆ ಹೆಣೆದುಕೊಳ್ಳಬೇಕು. ಹೆಲ್ಮೆಟ್ ಹಾಕಿ ತೆಗೆಯಬೇಕು, ರೇನ್‌ಕೋಟನ್ನು ಯಾರ ಸಹಾಯವೂ ಇಲ್ಲದೆ ತೊಡಬೇಕು. ಗೋಡೆಗೆ ಎರಡೂ ಅಂಗೈ ಊರಿ ಇಪ್ಪತ್ತು ಸಲ ಒತ್ತಿ ಹಿಂದೆ ಬರಬೇಕು. ಸೆಂಟರ್ ಸ್ಟ್ಯಾಂಡ್ ಮೇಲಿನ ಗಾಡಿಯಲ್ಲಿ ಕೂತು ಹ್ಯಾಂಡಲನ್ನು ಈ ತುದಿಯಿಂದ ಆ ತುದಿಗೆ ಹೊರಳಿಸುತ್ತಾ ಬ್ರೇಕನ್ನು ಗಟ್ಟಿಯಾಗಿ ಹಿಡಿಯಬೇಕು. ಕೊನೆಯದು ಕಷ್ಟದ್ದು. ನಾನು ಹ್ಯಾಂಡಲ್ ಹಿಡಿದು ಕಣ್ಣು ಮುಚ್ಚಿಕೊಂಡಿರುವಾಗ ಮಗಳು ಯಾವಾಗ ಬೇಕಾದರೂ, ಯಾವ ಕಡೆಗೆ ಬೇಕಾದರೂ ಅದನ್ನು ಮೆಲ್ಲಗೆ ತಳ್ಳಬೇಕು. ಗೊತ್ತಿದ್ದು ಮಾಡುವ ಚಲನೆಗೆ ಭುಜ ಸಿದ್ಧವಾಗಿ ಎಷ್ಟೋ ದಿನವಾದ ಮೇಲೂ ಗೊತ್ತಿಲ್ಲದ ತಳ್ಳಿಕೆಗೆ ಅದು ಬೆಚ್ಚುತ್ತಿತ್ತು. ಆ ಬೆಚ್ಚು ಹೋಗಲು ಹನ್ನೊಂದು ದಿನ ಬೇಕಾಯಿತು. ನನ್ನ ಲೆಕ್ಕದ ಹನ್ನೊಂದು ದಿನ ಅದೇ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 186ನೇ ಕಲಂ ಪ್ರಕಾರ, ಇತರರಿಗೆ ಅಪಾಯ ತರುವಂಥ ಕಾಯಿಲೆ ಅಥವಾ ಅಸಾಮರ್ಥ್ಯ ಇದೆ ಎಂದು ತಿಳಿದೂ ವಾಹನ ಓಡಿಸುವುದು ಅಪರಾಧ. ನನ್ನ ಕೈ ನನ್ನಿಷ್ಟ ಎನ್ನುವ ಹಾಗಿಲ್ಲ.

ಗಾಡಿಯನ್ನೂ ಸ್ವಲ್ಪ ನನ್ನ ಮೈಗೆ ಹೊಂದಿಸಿಕೊಂಡೆ. ಮೆಕ್ಯಾನಿಕ್ ಹ್ಯಾಂಡಲನ್ನು ತುಸು ಮೇಲೆತ್ತಿ ನನ್ನ ಕಡೆಗೆ ಬಾಗಿಸಿಕೊಟ್ಟರು, ಮೊಣಕೈ ಸಡಿಲವಾಗಿ ಮಡಚಿಕೊಂಡಿತು. ಬ್ರೇಕ್ ಲಿವರ್ ಹಿಡಿಯುವಾಗ ಮಣಿಕಟ್ಟು ನೆಟ್ಟಗಿರುವ ಹಾಗೆ ಅದರ ಕೋನ ಬದಲಿಸಿದರು. ಎಡ ಭುಜದ ಆಪರೇಷನ್ ಆದವರು ಕ್ಲಚ್ ಕೇಬಲ್‌ಗೆ ಎಣ್ಣೆ ಬಿಡಿಸಿ ಅಥವಾ ಹೊಸದು ಹಾಕಿಸಿ. ಪೇಟೆಯ ಸಂದಣಿಯಲ್ಲಿ ಕ್ಲಚ್ ಎಷ್ಟು ಸಲ ಹಿಡಿಯುತ್ತೇವೆ ಎಂದು ಎಣಿಸಿದರೆ ಭಯವಾಗುತ್ತದೆ. ನಾನು ಹೊಸದಾಗಿ ಕಲಿತ ಅಭ್ಯಾಸ ಮೊಣಕಾಲುಗಳಿಂದ ಟ್ಯಾಂಕನ್ನು ಅಪ್ಪಿ ಹಿಡಿಯುವುದು. ಬ್ರೇಕ್ ಹಾಕಿದಾಗ ಮೈಯ ಭಾರವನ್ನು ತೊಡೆಗಳು ತಡೆಯುತ್ತವೆ, ತೋಳುಗಳಿಗೆ ಉಳಿಯುವುದು ಸ್ವಲ್ಪ. ಇಪ್ಪತ್ತು ವರ್ಷ ಓಡಿಸಿಯೂ ಇದನ್ನು ನನಗೆ ಯಾರೂ ಹೇಳಿರಲಿಲ್ಲ.

"ಅಲ್ಲಿವರೆಗೆ ಸ್ಕೂಟಿ ಓಡಿಸಬಹುದಲ್ವಾ?" ಎಂದೂ ಕೇಳುತ್ತಾರೆ. ಸ್ಕೂಟಿ ಹಗುರ, ತಳ್ಳಲು ಸುಲಭ, ನಿಜ. ಆದರೆ ಅದರ ಚಕ್ರ ಚಿಕ್ಕದು, ಗುಂಡಿಯಲ್ಲಿ ಹೆಚ್ಚು ಆಳಕ್ಕೆ ಇಳಿದು ಹೆಚ್ಚು ಕುಟ್ಟುತ್ತದೆ. ಕಾಲಿಗೆ ಬ್ರೇಕ್ ಇಲ್ಲ, ಎರಡೂ ಕೈಯಲ್ಲೇ. ಹಾಗಾಗಿ ಅದಕ್ಕೂ ಡಾಕ್ಟರ್ ಒಪ್ಪಿಗೆ ಬೇಕು. ಸ್ಲಿಂಗ್ ಹಾಕಿಕೊಂಡು ಗಂಡನ ಹಿಂದೆ ಒಂದೇ ಕಡೆಗೆ ಕಾಲು ಹಾಕಿ ಕೂತು ಹೋಗುವ ಹೆಂಗಸರನ್ನು ಕಂಡರೆ ನನಗೆ ಹೊಟ್ಟೆಯಲ್ಲಿ ತಳಮಳವಾಗುತ್ತದೆ. ಹಂಪ್ ಬಂದರೆ ಹಿಡಿಯಲು ಇರುವುದು ಒಂದೇ ಕೈ. ಆಟೋ ಹತ್ತಿ, ಬಸ್ಸಿನಲ್ಲಿ ಸೀಟು ಸಿಕ್ಕರೆ ಕೂತು ಹೋಗಿ, ಆ ಆರು ವಾರ ಹಾಗೇ ಕಳೆಯಲಿ.

ಮೊದಲ ದಿನ ಹೋದದ್ದು ತುಂಗಾ ಸೇತುವೆವರೆಗೆ. ಫೆಬ್ರವರಿ ಕೊನೆ, ರಸ್ತೆ ಒಣಗಿತ್ತು. ಮಗಳು ಹಿಂದಿನಿಂದ ಸ್ಕೂಟಿಯಲ್ಲಿ ಬಂದಳು. ಸೇತುವೆಯ ಮೇಲೆ ಗಾಳಿ ಕುತ್ತಿಗೆಗೆ ತಾಗಿದಾಗ ಕಣ್ಣು ತುಂಬಿತು, ಹೆಲ್ಮೆಟ್ ಇದ್ದದ್ದರಿಂದ ಯಾರಿಗೂ ಕಾಣಲಿಲ್ಲ. ಅಲ್ಲೇ ತಿರುಗಿಸಿಕೊಂಡು ಬಂದೆ. ಆ ರಾತ್ರಿ ಭುಜ ಕಾದಿತ್ತು, ಮಂಜುಗಡ್ಡೆ ಇಟ್ಟುಕೊಂಡೆ, ಎರಡು ದಿನ ಗಾಡಿ ಮುಟ್ಟಲಿಲ್ಲ. ಆಮೇಲೆ ವಾರಕ್ಕಿಷ್ಟು ಎಂದು ದೂರ ಹೆಚ್ಚಿಸಿದೆ. ಆಗುಂಬೆ ಘಾಟಿ ಇಳಿದದ್ದು ಹತ್ತನೇ ತಿಂಗಳಲ್ಲಿ. ಇಳಿಜಾರಿನಲ್ಲಿ ಭಾರವೆಲ್ಲ ತೋಳಿಗೇ ಬರುವುದರಿಂದ ಅದನ್ನು ಕೊನೆಗೆ ಇಟ್ಟುಕೊಂಡಿದ್ದೆ.

ಈಗ ಗಾಡಿ ವಾಲಿದರೆ ಬಿಟ್ಟುಬಿಡುತ್ತೇನೆ. ಬಿದ್ದದ್ದನ್ನು ಎತ್ತಬೇಕಾದರೆ ಯಾರನ್ನಾದರೂ ಕರೆಯುತ್ತೇನೆ, ಯಾರೂ ಸಿಗದಿದ್ದರೆ ಬರುವವರೆಗೆ ಕಾಯುತ್ತೇನೆ. ಮನೆಗೆ ಬಂದಾಗ ಎಷ್ಟೇ ದಣಿದಿದ್ದರೂ, ಇಂಜಿನ್ ಆರಿಸುವ ಮೊದಲೇ ಸುತ್ತು ಹಾಕಿ ಗಾಡಿಯ ಮೂತಿ ಹೊರಗೆ ಮಾಡಿ ಮಾಡಿನಲ್ಲಿ ನಿಲ್ಲಿಸುತ್ತೇನೆ, ಬೆಳಿಗ್ಗೆ ಹಿಂದಕ್ಕೆ ಎಳೆಯುವ ಕೆಲಸವೇ ಇರಬಾರದು ಎಂದು. ಈ ವರ್ಷ ಮಳೆಗೆ ಮುಂಚೆಯೇ ಅಂಗಳದ ಪಾಚಿ ಕೆರೆಸಿ, ಮಾಡಿನಿಂದ ಗೇಟಿನವರೆಗೂ ಅಡಿಕೆ ದಬ್ಬೆ ಹಾಸಿಸಿದ್ದೇನೆ.