ತೋಪಿನ ಕೆಲಸ: ಮೂರನೇ ನೀರು

ನರಗುಂದ ತಾಲೂಕಿನ ಒಂದು ಹಳೆ ವಾಡೆಯ ಅಂಗಳದಲ್ಲಿ ಅರ್ಧ ಹೂತಿದ್ದ ಬೀಡುಕಬ್ಬಿಣದ ತೋಪು ಇದು. ತುಕ್ಕು ಬಿಡಿಸಿ ಕಟ್ಟೆಯ ಮೇಲೆ ಇಡಲು ಸಿದ್ಧಪಡಿಸುತ್ತಿದ್ದೇವೆ. ಉದ್ದ 120 ಸೆಂ.ಮೀ., ಬಾಯಿ 75 ಮಿ.ಮೀ., ತೂಕ ಅಂದಾಜು 250 ಕೆ.ಜಿ.

ತುಕ್ಕಿಗೆ ಕೈ ಹಚ್ಚುವ ಮೊದಲು ಒಳಗೆ ಮದ್ದು ಉಳಿದಿದೆಯೇ ಎಂದು ನೋಡಬೇಕು. ಬಾಯಿಂದ ಬತ್ತಿ ರಂಧ್ರದವರೆಗೆ ಹೊರಗಿನ ಅಳತೆ 108 ಸೆಂ.ಮೀ. ಪಕ್ಕಕ್ಕೆ ನಿಂತು ಮೆಲ್ಲಗೆ ಒಳಗೆ ಬಿಟ್ಟ ಬಿದಿರಿನ ಗಳ 91ಕ್ಕೇ ನಿಂತಿತು. ಉಳಿದ 17 ಸೆಂ.ಮೀ. ಬರೀ ಮಣ್ಣು ಎಂದುಕೊಳ್ಳುವಂತಿಲ್ಲ. ನೆನೆದ ಕರಿಮದ್ದು ಒಣಗಿದ ಮೇಲೆ ಮತ್ತೆ ಹೊತ್ತಿಕೊಳ್ಳಬಲ್ಲದು. ಡ್ರಿಲ್, ಗ್ಯಾಸ್ ಬತ್ತಿ, ಸಲಾಕೆ ಯಾವುದೂ ಬೇಡ. ಪೊಲೀಸರಿಗೆ ತಿಳಿಸಿ, ಬಾಂಬ್ ನಿಷ್ಕ್ರಿಯ ದಳದವರು ತೆರವು ಮಾಡಿದ ಮೇಲೆಯೇ ಚೈನ್ ಪುಲ್ಲಿ ಕಟ್ಟಿದ್ದು.

ಗ್ರೈಂಡರ್ ಮತ್ತು ಸ್ಯಾಂಡ್ ಬ್ಲಾಸ್ಟಿಂಗ್ ಎರಡನ್ನೂ ದೂರ ಇಟ್ಟಿದ್ದೇವೆ. ಮಣ್ಣಲ್ಲಿ ಬಹುಕಾಲ ಕೂತ ಬೀಡಿನ ಮೇಲ್ಪದರದಲ್ಲಿ ಕಬ್ಬಿಣ ಕರಗಿಹೋಗಿ ಮೆತ್ತನೆಯ ಗ್ರಾಫೈಟ್ ಉಳಿದಿರುತ್ತದೆ. ಅಂಕಿ, ಗುರುತು ಎಲ್ಲ ಇರುವುದು ಆ ಪದರದಲ್ಲೇ, ಒಮ್ಮೆ ಉಜ್ಜಿದರೆ ಹೋಯಿತು.

ನಿಜವಾದ ವೈರಿ ಉಪ್ಪು. ಎರಿ ಮಣ್ಣಿನ ಸವಳು ಕಬ್ಬಿಣದ ಒಳಗೆ ಇಳಿದಿರುತ್ತದೆ. ಅದನ್ನು ತೆಗೆಯದೆ ಬಣ್ಣ ಬಳಿದರೆ ಒಂದೆರಡು ಮಳೆಗಾಲದಲ್ಲಿ ಬಣ್ಣದ ಸಮೇತ ಚಕ್ಕೆ ಏಳುತ್ತದೆ. ಅದಕ್ಕೇ ಪ್ಲಾಸ್ಟಿಕ್ ತೊಟ್ಟಿಯಲ್ಲಿ 300 ಲೀಟರ್ ಆರ್‌ಓ ನೀರು, 15 ಕೆ.ಜಿ. ವಾಷಿಂಗ್ ಸೋಡಾ, ಸುತ್ತ ಮೈಲ್ಡ್ ಸ್ಟೀಲ್ ಜಾಳಿಗೆ. ತೋಪನ್ನು ಇದರಲ್ಲಿ ಮುಳುಗಿಸಿ ಡಿಸಿ ವಿದ್ಯುತ್ ಹರಿಸಿದರೆ ಉಪ್ಪು ನೀರಿಗೆ ಬಿಡುತ್ತದೆ. ತೋಪಿಗೆ ಋಣ ತಂತಿ, ಜಾಳಿಗೆಗೆ ಧನ. ಅದಲುಬದಲಾದರೆ ತೋಪೇ ಸವೆಯುತ್ತದೆ. ಸ್ಟೇನ್‌ಲೆಸ್ ಜಾಳಿಗೆ ಹಾಕಬೇಡಿ, ವಿಷಕಾರಿ ಕ್ರೋಮಿಯಂ ನೀರಿಗೆ ಬರುತ್ತದೆ. ಒಳಗೂ ಹೊರಗೂ ಸೇರಿ ಮೈ ಸುಮಾರು 10,000 ಚದರ ಸೆಂ.ಮೀ., ಚದರ ಸೆಂ.ಮೀ.ಗೆ 1 ಮಿಲಿಆಂಪಿಯರ್‌ನಂತೆ 10 ಆಂಪಿಯರ್ ಕೊಟ್ಟಿದ್ದೇವೆ. ಹೈಡ್ರೋಜನ್ ಏಳುವುದರಿಂದ ತೊಟ್ಟಿ ಬಯಲಲ್ಲೇ ಇದೆ, ಹತ್ತಿರ ಬೀಡಿ ಸೇದುವಂತಿಲ್ಲ.

ಉಪ್ಪು ಇನ್ನೂ ಬಿಡುತ್ತಿದೆಯೇ ಎಂಬ ಪರೀಕ್ಷೆಗೆ ತೊಟ್ಟಿಯಿಂದ ತೆಗೆದ ತುಸು ನೀರಿಗೆ ಮೊದಲು ನೈಟ್ರಿಕ್ ಆಮ್ಲ ಬೆರೆಸಿ ನೊರೆ ಅಡಗುವ ತನಕ ಬಿಡಬೇಕು, ಆಮೇಲೆ ಸಿಲ್ವರ್ ನೈಟ್ರೇಟ್ ಹನಿ, ಉಪ್ಪಿದ್ದರೆ ನೀರು ಬಿಳುಪಾಗುತ್ತದೆ. ಆಮ್ಲ ಹಾಕದಿದ್ದರೆ ಸೋಡಾದಿಂದಲೇ ಗಸಿ ಕಟ್ಟಿ ಮೋಸವಾಗುತ್ತದೆ. ಅಂಗಡಿ ಸೋಡಾದಲ್ಲೂ ಉಪ್ಪು ಇರುವುದುಂಟು, ಹೊಸ ದ್ರಾವಣದ ಒಂದು ನಳಿಕೆ ಪಕ್ಕಕ್ಕಿಟ್ಟು ಹೋಲಿಸಿ. ಉಪ್ಪು ತುಂಬಿದ ನೀರು ಚೆಲ್ಲಿ ಹೊಸದು ತುಂಬುತ್ತಾ ಬಂದಿದ್ದೇವೆ. ಮೊದಲ ನೀರು ಮಜ್ಜಿಗೆಯಂತೆ ಬಿಳುಪಾಗಿತ್ತು. ಮೂರನೆಯದು ಅಕ್ಕಿ ತೊಳೆದ ನೀರಿನಷ್ಟು, ಅಂದರೆ ನಾಲ್ಕನೆಯದೂ ಬೇಕು.

ಜಾತ್ರೆಗೆ ಒಂದು ಕುಶಾಲತೋಪು ಹಾರಿಸಿ ಎಂದು ಊರವರು ಕೇಳುತ್ತಿದ್ದಾರೆ. ಆಗದು. ಬೀಡು ಉಬ್ಬಿ ಮುನ್ಸೂಚನೆ ಕೊಡುವುದಿಲ್ಲ, ಸೀದಾ ಚೂರಾಗಿ ಸಿಡಿಯುತ್ತದೆ. ಒಳಗಿನ ಬಿರುಕು ಕಣ್ಣಿಗೆ ಕಾಣುವುದೂ ಇಲ್ಲ. ಮೈಸೂರು ದಸರೆಯಲ್ಲಿ ತೋಪು ಹಾರಿಸುವವರು ತರಬೇತಿ ಪಡೆದ ಪೊಲೀಸರು, ಅಲ್ಲಿಯೂ ನಳಿಗೆಯಲ್ಲಿ ಕಿಡಿ ಉಳಿದರೆ ಮುಂದಿನ ಮದ್ದು ತುಂಬುವ ಕೈಗೇ ಅಪಾಯ.

ಪರೀಕ್ಷೆ ತಿಳಿಯಾದ ಮೇಲೆ ಆರ್‌ಓ ನೀರಿನಲ್ಲಿ ತೊಳೆದು, ಹ್ಯಾಲೊಜನ್ ದೀಪದ ಕಾವಿಗೆ ಒಣಗಿಸಿ, ಟ್ಯಾನಿಕ್ ಆಮ್ಲ ಮೂರು ತೆಳು ಕೈ, ಮೈ ಬೆಚ್ಚಗಿರುವಾಗಲೇ ಮೈಕ್ರೋಕ್ರಿಸ್ಟಲೈನ್ ಮೇಣ. ಈ ವಾರ ಕಟ್ಟೆಯ ಜಾಗದಲ್ಲಿ 45 ಸೆಂ.ಮೀ. ಎರಿ ಮಣ್ಣು ತೆಗೆದು ಗರಸು ತುಂಬಿದ್ದೇವೆ. ಸಾಗವಾನಿ ದಿಮ್ಮಿಗಳನ್ನು ಕೊರೆಯುವುದು ಬಾಕಿ, ಬಾಯಿ ತುಸು ಕೆಳಗೆ ವಾಲುವಂತೆ, ಮಳೆನೀರು ಒಳಗೆ ನಿಲ್ಲದಂತೆ.