ಯಾವ ನಾಟಕ ಮಾಡೋಣ ಸಾರ್?

ಸೆಪ್ಟೆಂಬರ್ ಬಂತೆಂದರೆ ನನ್ನ ಫೋನು ಬಡಿದುಕೊಳ್ಳಲು ಶುರುಮಾಡುತ್ತದೆ. ನವೆಂಬರ್ ಒಂದಕ್ಕೆ ಎರಡು ತಿಂಗಳೂ ಉಳಿದಿರುವುದಿಲ್ಲ. ಈ ಸಲ ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಬೇಡ, ನಾವೇ ನಾಟಕ ಮಾಡುತ್ತೇವೆ ಅಂತ ಯಾರೋ ಒಬ್ಬರು ಮೀಟಿಂಗಿನಲ್ಲಿ ಒಪ್ಪಿಕೊಂಡುಬಿಟ್ಟಿರುತ್ತಾರೆ. ಮಾರನೆಯ ದಿನ ಅವರಿಗೆ ಯಾರೋ ನನ್ನ ನಂಬರ್ ಕೊಟ್ಟಿರುತ್ತಾರೆ.

"ಸಾರ್, ಒಂದು ಒಳ್ಳೇ ನಾಟಕ ಹೇಳಿ. ನಗು ಇರಬೇಕು, ಆದ್ರೆ ಬರೀ ನಗು ಬೇಡ, ಒಂದು ಮೆಸೇಜೂ ಇರಬೇಕು. ನಲವತ್ತು ನಿಮಿಷ ಸಾಕು. ಖರ್ಚು ಜಾಸ್ತಿ ಆಗಬಾರದು. ಹದಿನಾಲ್ಕು ಜನ ಇದೀವಿ, ಎಲ್ಲರಿಗೂ ಪಾರ್ಟ್ ಸಿಗಬೇಕು." ಆಮೇಲೆ ಸ್ವಲ್ಪ ದನಿ ತಗ್ಗಿಸಿ, "ಪಿಡಿಎಫ್ ಇದ್ರೆ ವಾಟ್ಸಾಪ್ ಮಾಡಿಬಿಡಿ ಸಾರ್."

ನಾನು ನಾಟಕದ ಹೆಸರು ಹೇಳುವುದಿಲ್ಲ. ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. "ಆ ಹದಿನಾಲ್ಕರಲ್ಲಿ ಬುಧವಾರ ಸಂಜೆ ಏಳು ಗಂಟೆಗೆ ರಿಹರ್ಸಲ್ಲಿಗೆ ಎಷ್ಟು ಜನ ಬರ್ತೀರಿ?" ಆ ಕಡೆ ಮೌನ. ಲೆಕ್ಕ ಹಾಕುತ್ತಿರುತ್ತಾರೆ. "ಒಂದು... ಆರು?" ಸರಿ, ಹಾಗಾದರೆ ನಿಮ್ಮದು ಆರು ಜನರ ತಂಡ. ಉಳಿದ ಎಂಟು ಜನ ಪ್ರೇಕ್ಷಕರು, ಶೋ ದಿನ ಬಣ್ಣ ಹಚ್ಚಿಕೊಂಡು ಬರುವ ಪ್ರೇಕ್ಷಕರು. ಅವರಿಗೂ ಕೆಲಸ ಇದೆ, ಅದನ್ನು ಆಮೇಲೆ ಹೇಳುತ್ತೇನೆ.

ಬ್ಯಾಂಕಿನ ಕೆಲಸದ ಜೊತೆಗೆ ಮೂವತ್ತು ವರ್ಷ ಹವ್ಯಾಸಿ ತಂಡಗಳಲ್ಲಿ ಕಳೆದಿದ್ದೇನೆ. ಹವ್ಯಾಸಿ ನಾಟಕ ಕೆಡುವುದು ನಟನೆ ಬಾರದ್ದರಿಂದ ಅಲ್ಲ, ನಟ ಬಾರದ್ದರಿಂದ. ಆದ್ದರಿಂದ ನಾಟಕ ಆರಿಸುವಾಗ ಕಥೆ ಏನು, ಸಂದೇಶ ಏನು ಅಂತ ನಾನು ಮೊದಲು ನೋಡುವುದೇ ಇಲ್ಲ. ಒಬ್ಬ ತಪ್ಪಿಸಿಕೊಂಡರೂ ಆ ದಿನದ ತಾಲೀಮು ನಡೆಯುತ್ತದೆಯೇ, ಅಷ್ಟು ನೋಡುತ್ತೇನೆ.

ಈ ಬುದ್ಧಿ ಬಂದದ್ದು ತುಘಲಕ್‌ನಿಂದ. ನಮ್ಮ ಬ್ಯಾಂಕಿನ ಗೆಳೆಯರೆಲ್ಲ ಸೇರಿ ಮೊದಲ ಸಲ ತಂಡ ಕಟ್ಟಿದಾಗ ನೇರವಾಗಿ ಕೈ ಹಾಕಿದ್ದು ಕಾರ್ನಾಡರ ಆ ನಾಟಕಕ್ಕೆ. ನಿರ್ದೇಶನ ಮಾಡುತ್ತೇನೆಂದ ಮಹಾನುಭಾವ ಸಿ.ಆರ್. ಸಿಂಹ ಅವರ ತುಘಲಕ್ ನೋಡಿ ಬಂದಿದ್ದ. ಆ ಗತ್ತು, ಆ ದನಿ ಅವನ ತಲೆಯಿಂದ ಇಳಿದೇ ಇರಲಿಲ್ಲ. ಐದು ವಾರ ಒಂದು ಪ್ರೈಮರಿ ಸ್ಕೂಲಿನ ತರಗತಿಯಲ್ಲಿ ಬೆಂಚುಗಳನ್ನು ಗೋಡೆಗೆ ಸರಿಸಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಬಾಗಿಲು ಬರೆದು ತಾಲೀಮು ಮಾಡಿದೆವು. ದರ್ಬಾರಿನ ದೃಶ್ಯಕ್ಕೆ ಅಮೀರರು ಬೇಕು. ಇಬ್ಬರು ಬಂದ ದಿನ ಇನ್ನಿಬ್ಬರಿಲ್ಲ. ಇತಿಹಾಸಕಾರ ಬರನಿಯ ಪಾತ್ರಧಾರಿಗೆ ಆಡಿಟ್. ಸುಲ್ತಾನ ಮಾತ್ರ ದಿನವೂ ಸರಿಯಾದ ಸಮಯಕ್ಕೆ ಬಂದು ಖಾಲಿ ಕುರ್ಚಿಗಳಿಗೆ ಅಪ್ಪಣೆ ಕೊಡಿಸುತ್ತಿದ್ದ. ಕೊನೆಗೆ ಅವನೂ ಬೇಜಾರಾಗಿ ಪುಸ್ತಕ ಮುಚ್ಚಿಟ್ಟ. ಆ ನಾಟಕ ರಂಗಕ್ಕೆ ಬರಲಿಲ್ಲ.

ಆಮೇಲೆ ಎಷ್ಟೋ ವರ್ಷಕ್ಕೆ ಮತ್ತೆ ತೆಗೆದು ಓದಿದಾಗ ನಮ್ಮ ದಡ್ಡತನ ಕಂಡಿತು. ತುಘಲಕ್‌ನಲ್ಲಿ ಹದಿಮೂರು ದೃಶ್ಯ. ಪಾರ್ಸಿ ನಾಟಕದವರ ಪದ್ಧತಿಯಂತೆ, ರಂಗದ ಪೂರ್ತಿ ಆಳ ಬೇಡುವ ಅರಮನೆಯ ದೃಶ್ಯಗಳ ನಡುವೆ ಪರದೆ ಮುಂದೆಯೇ ಮುಗಿದುಹೋಗುವ ಬೀದಿಯ ದೃಶ್ಯಗಳನ್ನು ಕಾರ್ನಾಡರು ಕೂಡಿಸಿದ್ದಾರೆ. ಜನರಿಗೆ ಟೋಪಿ ಹಾಕುವ ಅಜೀಜ್ ಮತ್ತು ಆಜಂ ಜೋಡಿ ಬರುವುದು ಹೆಚ್ಚಾಗಿ ಅಂಥ ಕಡೆ. ಇಬ್ಬರು ನಟರು, ಒಂದು ಹಿತ್ತಲು, ಒಂದು ವಾರ ಸಿಕ್ಕಿದರೆ ಆ ಭಾಗ ಸಿದ್ಧ. ನಾವು ಅಲ್ಲಿಂದ ಶುರು ಮಾಡುವುದು ಬಿಟ್ಟು ದರ್ಬಾರಿನಿಂದ ಶುರು ಮಾಡಿದ್ದೆವು. ಇಂದಿಗೂ ಹೊಸ ತಂಡಕ್ಕೆ ತುಘಲಕ್ ಬೇಡ ಅಂತಲೇ ಹೇಳುತ್ತೇನೆ. ಆದರೆ ಯಾವ ನಾಟಕ ಹಿಡಿದರೂ ಇಬ್ಬರೇ ಇರುವ ದೃಶ್ಯಗಳನ್ನು ಪೆನ್ಸಿಲ್ಲಿನಲ್ಲಿ ಗುರುತು ಮಾಡಿ, ತಾಲೀಮು ಅಲ್ಲಿಂದ ಶುರು ಮಾಡಿ.

ಹಾಗಾದರೆ ಯಾವುದು? ಕೇಳಿದವರಲ್ಲಿ ಅರ್ಧ ಜನಕ್ಕೆ ನಾನು ಹೇಳುವುದು ಕೈಲಾಸಂ. ಹಳೇ ಕಾಲದ್ದಲ್ವಾ ಸಾರ್ ಅನ್ನುತ್ತಾರೆ. ಹಳೇ ಕಾಲದ್ದೇ. ಬೆಂಗಳೂರಿನಲ್ಲಿ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಹುಟ್ಟಿದ್ದು 1909ರಲ್ಲಿ. ಕಂಪನಿ ನಾಟಕದವರ ಹತ್ತಿರ ಇದ್ದ ಬಣ್ಣದ ಪರದೆ, ಕಿರೀಟ, ಹಾಡುವ ರಾಜರು ಯಾವುವೂ ಕಚೇರಿಗೆ ಹೋಗುವ ಮನುಷ್ಯರ ಬಳಿ ಇರಲಿಲ್ಲ. ಕೈಲಾಸಂ ಬಂದು ನಾಟಕವನ್ನು ಮಧ್ಯಮ ವರ್ಗದ ಮನೆಯ ನಡುಮನೆಗೆ ತಂದರು. ಒಂದು ಮೇಜು, ನಾಲ್ಕು ಕುರ್ಚಿ, ಹಾಕಿಕೊಂಡ ಬಟ್ಟೆಯೇ ವೇಷ. ನಮ್ಮಂಥವರ ಕೈಗೆಟುಕುವ ಅಳತೆಯಲ್ಲೇ ಅವರು ಬರೆದರು.

ಟೊಳ್ಳುಗಟ್ಟಿಯನ್ನೇ ನೋಡಿ. ಪುಸ್ತಕದ ಹುಳು ಪುಟ್ಟು, ಓದಿನಲ್ಲಿ ಹಿಂದೆ ಬಿದ್ದರೂ ಮನೆಯ ಕಷ್ಟಕ್ಕೆ ಒದಗುವ ಮಾಧು. ಮಾರ್ಕ್ಸ್‌ಕಾರ್ಡ್ ಹಿಡಿದು ಮಕ್ಕಳನ್ನು ತೂಗುವ ಅಪ್ಪಂದಿರು ಈಗೇನು ಕಮ್ಮಿಯಾಗಿದ್ದಾರೆಯೇ? ನಗು ಇದೆ, ನೀವು ಕೇಳುವ ಮೆಸೇಜೂ ಇದೆ. ಇನ್ನೂ ಚಿಕ್ಕದು ಬೇಕಾದರೆ ಬಂಡ್ವಾಳ್ವಿಲ್ಲದ್ ಬಡಾಯಿ. ಬಡಾಯಿ ಕೊಚ್ಚುವ ಲಾಯರ್ ಅಹೋಬ್ಲುವಿನಂಥವರು ನಿಮ್ಮ ಆಫೀಸಿನಲ್ಲೇ ಒಬ್ಬರು ಇದ್ದೇ ಇರುತ್ತಾರೆ. ಪಾರ್ಟು ಅವರಿಗೇ ಕೊಡಿ, ಒಪ್ಪಿಕೊಳ್ಳುತ್ತಾರೆ.

ಆದರೆ ಕೈಲಾಸಂ ಸುಲಭ ಅಂದುಕೊಂಡರೆ ಕೆಟ್ಟಿರಿ. ಒಂದು ತಂಡಕ್ಕೆ ಪುಸ್ತಕ ಕೊಟ್ಟು, ಎರಡು ವಾರ ಬಿಟ್ಟು ರೀಡಿಂಗ್ ಕೇಳಲು ಹೋದೆ. ಯಾರೊಬ್ಬರೂ ನಗುತ್ತಿಲ್ಲ, ನನಗೂ ನಗು ಬರುತ್ತಿಲ್ಲ. ಏನಾಯಿತೆಂದು ಅವರ ಕೈಯಲ್ಲಿದ್ದ ಹಾಳೆ ಇಸಿದುಕೊಂಡು ನೋಡಿದರೆ, ಟೈಪ್ ಮಾಡಿದ ಹುಡುಗಿ ತುಂಬ ಶ್ರದ್ಧೆಯಿಂದ ಎಲ್ಲವನ್ನೂ 'ಸರಿ' ಮಾಡಿದ್ದಳು. ಸ್ಕೂಲಿನಲ್ಲಿ ಕಲಿತ ಶುದ್ಧ ಕನ್ನಡ. ನಾಟಕದ ಹೆಸರೂ 'ಬಂಡವಾಳವಿಲ್ಲದ ಬಡಾಯಿ' ಆಗಿತ್ತು. ಆ ಅರ್ಧಾಕ್ಷರಗಳು ಅಚ್ಚಿನ ತಪ್ಪಲ್ಲ. ಮಾತು ಎಲ್ಲಿ ಓಡಬೇಕು, ಎಲ್ಲಿ ಎಡವಬೇಕು ಅನ್ನುವ ತಾಳ ಅದರಲ್ಲೇ ಇದೆ. ಇಂಗ್ಲಿಷೂ ಹಾಗೆಯೇ, ಕನ್ನಡದ ಪ್ರತ್ಯಯ ಹತ್ತಿಸಿಕೊಂಡು ಬರುವ ಇಂಗ್ಲಿಷು. ಕಾಲ್‌ಸೆಂಟರಿನ ಉಚ್ಚಾರಣೆಯಲ್ಲಿ ಅದನ್ನು ಹೇಳಿದರೆ ಪ್ರಹಸನ ಹೋಗಿ ಪ್ರೆಸೆಂಟೇಷನ್ ಆಗುತ್ತದೆ. ಮೂರು ದಿನ ಬರೀ ಗಟ್ಟಿಯಾಗಿ ಓದಿ. ಮನೆಯಲ್ಲಿ ಎಂಬತ್ತು ದಾಟಿದ ಮೈಸೂರು ಕಡೆಯ ಅಜ್ಜಿ ಇದ್ದರೆ ಅವರ ಮುಂದೆ ಓದಿ. ಅವರು ಎಲ್ಲಿ ತಡೆದು ತಿದ್ದುತ್ತಾರೋ ಅಲ್ಲಿ ಗುರುತು ಹಾಕಿಕೊಳ್ಳಿ.

ಧಾರವಾಡ, ಹುಬ್ಬಳ್ಳಿ ಕಡೆಯವರು ಫೋನ್ ಮಾಡಿದರೆ ಈ ಸಲಹೆ ಕೊಡುವುದಿಲ್ಲ. ಅವರ ಬಾಯಿಗೆ ಈ ಮಾತು ಹೊರಳುವುದಿಲ್ಲ, ಹೊರಳಬೇಕಾಗಿಯೂ ಇಲ್ಲ. ಬೇಂದ್ರೆಯವರ ಸಾಯೋ ಆಟ ಇದೆ, ಶ್ರೀರಂಗರ ಏಕಾಂಕಗಳು ರಾಶಿ ರಾಶಿ ಇವೆ, ಕಂಬಾರರ ಸಾಂಬಶಿವ ಪ್ರಹಸನ ಇದೆ. ಹಾಡಬಲ್ಲವರು ನಾಲ್ಕು ಜನ ಇದ್ದರೆ ಜೋಕುಮಾರಸ್ವಾಮಿಗೇ ಕೈ ಹಾಕಬಹುದು. ಬೆಂಗಳೂರಿನ ಬಾಯಿಗೆ ಕಂಬಾರರ ಭಾಷೆ ತುರುಕಿದಾಗ ಏನಾಗುತ್ತದೆ ಅಂತ ನಾನು ನೋಡಿದ್ದೇನೆ. ಪ್ರತಿ ಸಾಲಿನ ಕೊನೆಗೂ ಒಂದು 'ಐತಿ', ಒಂದು 'ನೋಡ್ರಿ' ಅಂಟಿಸಿಕೊಂಡು ಸಿನಿಮಾದ ಪೇದೆಯ ಥರ ಮಾತಾಡುತ್ತಾರೆ.

ಇನ್ನು ಆ ಉಳಿದ ಎಂಟು ಜನ. ಅವರಿಗೆ ಬೇಕಾದದ್ದು ಮೇಳ ಇರುವ ನಾಟಕ. ಹಯವದನದಲ್ಲಿ ಭಾಗವತ, ದೇವದತ್ತ, ಕಪಿಲ, ಪದ್ಮಿನಿ, ಈ ನಾಲ್ವರು ಗಟ್ಟಿಯಾಗಿದ್ದು ಬುಧವಾರ ತಪ್ಪದೆ ಬಂದರೆ, ಮೇಳದಲ್ಲಿ ಮೂವರಿದ್ದರೂ ಆಗುತ್ತದೆ, ಹತ್ತು ಜನ ಇದ್ದರೂ ಆಗುತ್ತದೆ. ಭಾನುವಾರ ಮಾತ್ರ ಬರುವವರಿಗೆ ಹಾಡು ಕಲಿಸಿ. ಬಿ.ವಿ. ಕಾರಂತರ ಧಾಟಿಗಳನ್ನು ಒಮ್ಮೆ ಕೇಳಿದರೆ ಬಾತ್‌ರೂಮಿನಲ್ಲೂ ಬಿಡುವುದಿಲ್ಲ, ಆ ಕಲಿಕೆಗೆ ನಿರ್ದೇಶಕ ಬೇಡ.

ಈಚಿನ ಏಳೆಂಟು ವರ್ಷಗಳಲ್ಲಿ ಪ್ರಶ್ನೆ ಇನ್ನೊಂದು ರೂಪದಲ್ಲಿ ಬರುತ್ತಿದೆ. "ನಮ್ಮಲ್ಲಿ ಹೆಣ್ಣುಮಕ್ಕಳೇ ಜಾಸ್ತಿ, ಗಂಡಸರು ಇಬ್ಬರೇ." ನಾವು ಶುರು ಮಾಡಿದ ಕಾಲಕ್ಕೆ ಒಂದು ಹೆಣ್ಣು ಪಾತ್ರಕ್ಕೆ ಊರೆಲ್ಲ ಹುಡುಕುತ್ತಿದ್ದೆವು. ನಮ್ಮ ನಾಟಕಕಾರರೂ ಆ ಕಾಲಕ್ಕೆ ತಕ್ಕಂತೆ ಹತ್ತು ಗಂಡು ಪಾತ್ರಕ್ಕೆ ಎರಡು ಹೆಣ್ಣು ಪಾತ್ರದ ಲೆಕ್ಕದಲ್ಲಿ ಬರೆದಿಟ್ಟಿದ್ದಾರೆ. ಈಗ ಅಪಾರ್ಟ್‌ಮೆಂಟಿನ ತಂಡಗಳಲ್ಲಿ ಲೆಕ್ಕ ತಲೆಕೆಳಗು. ಇಂಥವರಿಗೆ ನಾಗಮಂಡಲ ಹೇಳುತ್ತೇನೆ. ಎಲ್ಲರೂ ರಾಣಿ, ಅಪ್ಪಣ್ಣ, ನಾಗಪ್ಪ ಅಂತ ಯೋಚಿಸುತ್ತಾರೆ. ನಾನು ಯೋಚಿಸುವುದು ಮೊದಲ ದೃಶ್ಯದ ದೀಪಗಳ ಬಗ್ಗೆ. ಊರಿನ ಮನೆಗಳಲ್ಲಿ ದೀಪ ಆರಿದ ಮೇಲೆ ಆ ಕುಡಿಗಳೆಲ್ಲ ಪಾಳುಗುಡಿಗೆ ಬಂದು ಸೇರಿ ತಂತಮ್ಮ ಮನೆಯ ಸುದ್ದಿ ಹೇಳಿಕೊಳ್ಳುತ್ತವೆ. ಐದು ದೀಪವಾದರೂ ಸರಿ, ಒಂಬತ್ತಾದರೂ ಸರಿ. ಒಂದು ದೀಪಕ್ಕೆ ಮಗುವಿನ ಜ್ವರ ಬಂದು ತಾಲೀಮು ತಪ್ಪಿದರೆ ಅದರ ಸಾಲನ್ನು ಪಕ್ಕದ ದೀಪ ಹೇಳಿದರಾಯಿತು.

ಒಂದು ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಈ ದೃಶ್ಯದ ತಾಲೀಮು ನೋಡಲು ಹೋಗಿದ್ದೆ. ಕಂಬಗಳ ನಡುವೆ ಏಳು ಜನ ಹೆಂಗಸರು, ಕೈಯಲ್ಲಿ ಮೊಬೈಲ್ ಟಾರ್ಚು. ಸ್ಕ್ರಿಪ್ಟ್ ನೋಡಿಕೊಂಡು ಓದುವಾಗ ಎಲ್ಲರದೂ ಪಾಠ ಒಪ್ಪಿಸುವ ದನಿ. "ಹಾಳೆ ಕೆಳಗಿಡಿ, ಇವತ್ತು ಮನೆಯಿಂದ ಯಾಕೆ ತಡವಾಗಿ ಬಂದಿರಿ, ಅದನ್ನು ಪಕ್ಕದವರಿಗೆ ಹೇಳಿ" ಅಂದೆ. ಒಬ್ಬರು ಕುಕ್ಕರ್ ಸುದ್ದಿ ತೆಗೆದರು, ಇನ್ನೊಬ್ಬರು ಅತ್ತೆಯ ಸುದ್ದಿ. ಎರಡು ನಿಮಿಷದಲ್ಲಿ ಟಾರ್ಚುಗಳೆಲ್ಲ ಕುಣಿಯತೊಡಗಿದವು, ಒಬ್ಬರ ಮಾತಿನ ಮೇಲೆ ಒಬ್ಬರ ಮಾತು. ಹಾಗೇ ಇರಿ, ಈಗ ಕಾರ್ನಾಡರ ಮಾತಿಗೆ ಬನ್ನಿ ಅಂದೆ. ವಾಚ್‌ಮನ್ ಸ್ಟೂಲ್ ಎಳೆದುಕೊಂಡು ಕೂತುಬಿಟ್ಟ.

ಸೆಟ್ ಬೇಡ, ಮಾತೂ ಕಡಿಮೆ ಇರಲಿ, ಪುರಾಣ ಆದರೂ ಅಡ್ಡಿಯಿಲ್ಲ ಅನ್ನುವವರು ಸಂಸ್ಕೃತ ನಾಟಕಕಾರ ಭಾಸನ ಮಧ್ಯಮವ್ಯಾಯೋಗ ನೋಡಿ. ಒಂದೇ ಅಂಕ. ಬ್ರಾಹ್ಮಣ ದಂಪತಿ, ಮೂವರು ಗಂಡುಮಕ್ಕಳು, ಒಬ್ಬನನ್ನು ಬಲಿಗೆ ಕೇಳಿ ದಾರಿ ಕಟ್ಟಿದ ಘಟೋತ್ಕಚ. ಹಿರಿಯವನು ಅಪ್ಪನಿಗೆ ಬೇಕು, ಕಿರಿಯವನು ಅಮ್ಮನಿಗೆ ಬೇಕು, ಬಲಿಗೆ ಉಳಿಯುವುದು ನಡುವಿನವನು. ನೀರು ಕುಡಿಯಲು ಹೋದ ಅವನನ್ನು 'ಮಧ್ಯಮ' ಎಂದು ಕೂಗಿದರೆ ಬಂದು ನಿಲ್ಲುವವನು ಇನ್ನೊಬ್ಬ ಮಧ್ಯಮ, ಭೀಮ. ಹೈಸ್ಕೂಲ್ ಮಕ್ಕಳ ಕೈಯಲ್ಲೂ ಇದು ಗೆಲ್ಲುತ್ತದೆ. ಮನೆಯಲ್ಲಿ ಎರಡನೇ ಮಗನಾಗಿ ಹುಟ್ಟಿದವರು ಪ್ರೇಕ್ಷಕರಲ್ಲಿ ಸ್ವಲ್ಪ ಜೋರಾಗಿಯೇ ನಗುತ್ತಾರೆ.

ನಾಲ್ಕೈದು ಪ್ರಯೋಗ ಮಾಡಿ ಪಳಗಿದ ತಂಡಕ್ಕೆ ನನ್ನ ಇಷ್ಟದ ನಾಟಕ ಬೇರೆ. ವಿಜಯ್ ತೆಂಡೂಲ್ಕರ್ ಮರಾಠಿಯಲ್ಲಿ ಬರೆದ ಶಾಂತತಾ ಕೋರ್ಟ್ ಚಾಲೂ ಆಹೆ, ಕನ್ನಡಕ್ಕೂ ಬಂದಿದೆ. ಅದರ ಪಾತ್ರಗಳೇ ಒಂದು ಹವ್ಯಾಸಿ ನಾಟಕ ತಂಡ. ಹಳ್ಳಿಯೊಂದರಲ್ಲಿ ಪ್ರದರ್ಶನಕ್ಕೆ ಬಂದಿದ್ದಾರೆ, ಒಬ್ಬ ನಟ ಕೈಕೊಟ್ಟಿದ್ದಾನೆ, ಊರಿನ ಯಾರೋ ಒಬ್ಬನಿಗೆ ಆ ಪಾತ್ರ ಕಲಿಸಬೇಕು. ಅದಕ್ಕಾಗಿ ಆಟದಂತೆ ಶುರುವಾಗುವ ವಿಚಾರಣೆ ಬೇಣಾರೆ ಎಂಬ ಟೀಚರಮ್ಮನನ್ನು ಎಲ್ಲರೂ ಸೇರಿ ಹರಿದು ತಿನ್ನುವ ಹಂತಕ್ಕೆ ಹೋಗುತ್ತದೆ. ಒಂದೇ ಕೋಣೆ, ಖರ್ಚಿಲ್ಲ. ಆದರೆ ರಾಜ್ಯೋತ್ಸವದ ಊಟಕ್ಕೆ ಮುಂಚೆ ಆಡುವ ನಾಟಕ ಅಲ್ಲ.

ಇನ್ನು ಅನುಮತಿ ವಿಷಯ. ಇದನ್ನು ಯಾರೂ ಕೇಳುವುದಿಲ್ಲ, ನಾನೇ ಎತ್ತುತ್ತೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ನಮ್ಮಂಥವರಿಗೆ ಒಂದು ವಿನಾಯಿತಿ ಇದೆ. ಹವ್ಯಾಸಿ ಸಂಘವೊಂದು ದುಡ್ಡು ಕೊಡದ ಪ್ರೇಕ್ಷಕರ ಮುಂದೆ, ಅಥವಾ ಧಾರ್ಮಿಕ ಸಂಸ್ಥೆಯೊಂದರ ಸಹಾಯಾರ್ಥ ನಾಟಕ ಆಡಿದರೆ ಅದು ಉಲ್ಲಂಘನೆ ಆಗುವುದಿಲ್ಲ. ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಅಲ್ಲದಿದ್ದರೆ, ಟಿಕೆಟ್ ಇಟ್ಟ ಕ್ಷಣ ಈ ವಿನಾಯಿತಿ ಹೋಯಿತು. 'ಡೋನರ್ ಪಾಸ್' ಅಂತ ಹೆಸರು ಬದಲಾಯಿಸಿದರೂ ನನ್ನ ಲೆಕ್ಕದಲ್ಲಿ ಅದು ಟಿಕೆಟ್ಟೇ. ವಿನಾಯಿತಿ ಇರುವುದು ಆಡುವುದಕ್ಕೆ ಮಾತ್ರ, ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕುವುದಕ್ಕಲ್ಲ.

ನಾಟಕಕಾರ ತೀರಿಕೊಂಡು ಅರವತ್ತು ವರ್ಷ ಕಳೆದರೆ ಕೃತಿ ಎಲ್ಲರದಾಗುತ್ತದೆ. ಲೆಕ್ಕ ತೀರಿಕೊಂಡ ಮರುವರ್ಷದ ಮೊದಲ ದಿನದಿಂದ. ಕೈಲಾಸಂ ಹೋದದ್ದು 1946ರಲ್ಲಿ, ಸಂಸ 1939ರಲ್ಲಿ, ಇವರಿಬ್ಬರ ನಾಟಕ ಧಾರಾಳವಾಗಿ ಆಡಿ. ಶ್ರೀರಂಗರು 1984ರಲ್ಲಿ ತೀರಿಕೊಂಡರು, 2044ರ ಕೊನೆಯವರೆಗೆ ಹಕ್ಕು ಅವರ ವಾರಸುದಾರರದು. ಭಾಸನಿಗೆ ಯಾರೂ ವಾರಸುದಾರರಿಲ್ಲ, ಆದರೆ ಅವನನ್ನು ಕನ್ನಡಕ್ಕೆ ತಂದವರಿಗೆ ಇರಬಹುದು. ಶೇಕ್ಸ್‌ಪಿಯರ್ ಕಥೆಯೂ ಅಷ್ಟೇ. ಇದನ್ನು ಮರೆತು ನಾವೊಮ್ಮೆ ಅನುವಾದಕರ ಹೆಸರಿಲ್ಲದೆ ಬ್ರೋಷರ್ ಅಚ್ಚು ಹಾಕಿಸಿದ್ದೆವು. ಆ ಹಿರಿಯರು ಮೂರನೇ ಸಾಲಿನಲ್ಲಿ ಕೂತು ಪೂರ್ತಿ ನಾಟಕ ನೋಡಿ, ಗ್ರೀನ್‌ರೂಮಿಗೆ ಬಂದು ಎಲ್ಲರ ಕೈ ಕುಲುಕಿ, ಹೊರಡುವಾಗ "ಅನುವಾದ ಯಾರದಪ್ಪಾ, ಚೆನ್ನಾಗಿದೆ" ಅಂದರು. ಬೈದಿದ್ದರೆ ಮರೆತುಬಿಡುತ್ತಿದ್ದೆ.

ಕಾನೂನು ಬಿಟ್ಟರೂ ಒಂದು ಕಾಗದ ಬರೆಯಿರಿ. ಎಲ್ಲಿ, ಯಾವತ್ತು, ಟಿಕೆಟ್ ಇದೆಯೋ ಇಲ್ಲವೋ, ಎಷ್ಟು ಗೌರವಧನ ಕೊಡಬಲ್ಲಿರಿ, ನಾಲ್ಕೇ ಸಾಲು. ಬಹಳಷ್ಟು ನಾಟಕಕಾರರು ದುಡ್ಡಿಗಿಂತ ಮೊದಲು ಕೇಳುವುದು "ಏನೇನು ಕತ್ತರಿಸ್ತೀರಿ?" ಅಂತ. ಎರಡೂವರೆ ಗಂಟೆಯ ನಾಟಕವನ್ನು ನಲವತ್ತು ನಿಮಿಷಕ್ಕೆ ಇಳಿಸುವ ಯೋಜನೆ ಇದ್ದರೆ ಅದನ್ನೂ ಬರೆಯಿರಿ, ಬೇಡ ಅಂದರೆ ಬೇರೆ ನಾಟಕ ನೋಡಿ.

ಪುಸ್ತಕ ಎಲ್ಲಿ ಸಿಗುತ್ತದೆ? ಕಾರ್ನಾಡರ ನಾಟಕಗಳಿಗೆ ಧಾರವಾಡದ ಮನೋಹರ ಗ್ರಂಥಮಾಲೆ. ಆ ಕಡೆ ಹೋದರೆ ಅವರ ಅಟ್ಟ ಹತ್ತಿ ಬನ್ನಿ. ಅನುವಾದಗಳು ಬೇಕಿದ್ದರೆ ಹೆಗ್ಗೋಡಿನ ಅಕ್ಷರ ಪ್ರಕಾಶನದ ಪಟ್ಟಿ ಮೊದಲು ನೋಡಿ, ಅಲ್ಲಿನ ರಂಗಸಂಸ್ಥೆ ನೀನಾಸಂ ಆಡಿದ ಎಷ್ಟೋ ನಾಟಕ ಅಲ್ಲಿಂದ ಪುಸ್ತಕವಾಗಿ ಬಂದಿವೆ. ಆರು ಜನರ ತಂಡಕ್ಕೆ ಏಳು ಪ್ರತಿ ಕೊಳ್ಳಿ. ಏಳನೆಯದು ಪ್ರಾಂಪ್ಟ್ ಮಾಡುವವರಿಗೆ. ಎಲ್ಲ ಸೇರಿ ಗ್ರ್ಯಾಂಡ್ ರಿಹರ್ಸಲ್ ದಿನದ ಬೋಂಡ, ಕಾಫಿ ಖರ್ಚಿಗಿಂತ ಕಮ್ಮಿ ಬೀಳುತ್ತದೆ. ಪಿಡಿಎಫ್ ನನ್ನ ಹತ್ತಿರ ಇಲ್ಲ. ಇದ್ದರೂ ಕಳಿಸುವುದಿಲ್ಲ.